ರಾಗಿ ತಾಕಿನ ಮೇಲೆ ಡ್ರೋನ್: ಯಾವ ಕ್ಯಾಮೆರಾ ಹಾಕಿಸೋದು?

ಪ್ರಶ್ನೆ: ಸರ್, ಯಲಹಂಕದ ಆಚೆ ನಮ್ಮ ಚಿಕ್ಕ ಬೀಜ ಕಂಪನಿಯ ಹೊಲದಲ್ಲಿ ಮಳೆಯಾಶ್ರಿತ ರಾಗಿಯ 200 ತಳಿಗಳಿವೆ, ಒಂದೊಂದು ಒಂದೊಂದು ಸಾಲು. ಜಿಕೆವಿಕೆ ಕೃಷಿ ಮೇಳದಲ್ಲಿ ಡ್ರೋನ್ ನೋಡಿ ಬಂದ ಮಾಲೀಕರು ಎನ್‌ಡಿವಿಐ (ಬೆಳೆಯ ಹಸಿರನ್ನು ಅಳೆಯೋ ಸೂಚ್ಯಂಕ) ಕ್ಯಾಮೆರಾ ತಗೊಳ್ಳೋಣ ಅಂತಿದ್ದಾರೆ. ಬರ ತಡೆಯೋ ತಳಿ ಅದರಲ್ಲಿ ಸಿಗುತ್ತಾ?

ಉತ್ತರ (ಬೆಳೆ ಶರೀರಕ್ರಿಯಾ ತಜ್ಞರು): ಅದೊಂದರಿಂದಲೇ ಸಿಗಲ್ಲ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು, ಕಣ್ಣಿಗೆ ಕಾಣದ ಅವಗೆಂಪನ್ನು ವಾಪಸ್ ಚೆಲ್ಲುತ್ತೆ. ಎಲೆಯಿಂದ ವಾಪಸ್ ಬರೋ ಅವಗೆಂಪಿನಲ್ಲಿ ವಾಪಸ್ ಬರೋ ಕೆಂಪನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ. ಪೈರು ಎಳೆಯದಿದ್ದಾಗ ಯಾವ ತಳಿ ಬೇಗ ನೆಲ ಮುಚ್ಚಿತು ಅಂತ ಚೆನ್ನಾಗಿ ಹೇಳುತ್ತೆ. ಎಲೆ ದಟ್ಟವಾದ ಮೇಲೆ ಸಂಖ್ಯೆ ಏರದೆ ನಿಂತುಬಿಡುತ್ತೆ, ಆಗ ಎಲ್ಲ ತಾಕೂ ಒಂದೇ ಥರ. ಕಾಳು ತುಂಬುವಾಗ ಯಾವುದು ಹಸಿರು ಉಳಿಸಿಕೊಂಡಿದೆ ಅಂತ ನೋಡೋಕೆ ಮತ್ತೆ ಉಪಯೋಗಕ್ಕೆ ಬರುತ್ತೆ.

ಬರಕ್ಕೆ ಎಲೆಯ ಬಿಸಿ ಅಳೆಯೋ ಥರ್ಮಲ್ ಕ್ಯಾಮೆರಾ ವಾಸಿ. ನೀರು ಸಿಗೋ ಗಿಡ ಪತ್ರರಂಧ್ರ (ಎಲೆಯ ಮೇಲಿನ ಸಣ್ಣ ತೂತು) ತೆರೆದು ಆವಿ ಬಿಡುತ್ತೆ, ಎಲೆ ತಣ್ಣಗಿರುತ್ತೆ, ಮುಚ್ಚಿದರೆ ಬಿಸಿಯೇರುತ್ತೆ. ಆದರೆ ಬೆಂಗಳೂರಿನ ಮುಂಗಾರು ಇದಕ್ಕೆ ಶನಿ! ಒಂದು ತುಂಡು ಮೋಡ ಹಾದರೂ ಅರ್ಧ ಹೊಲದ ಲೆಕ್ಕ ಕೆಟ್ಟಿತು. ಮಳೆ ಬಿಡುವು ಕೊಟ್ಟು ನೆಲ ಒಣಗಿದಾಗ, ಗಾಳಿಯಿಲ್ಲದ ತಿಳಿ ಮಧ್ಯಾಹ್ನ ಹಾರಿಸಿ. ಒಂದೇ ಸಾಲಿನ ತಾಕು ಬೇಡ, ಕಾದ ಕೆಂಪು ಮಣ್ಣು ಎಲೆಯ ಜೊತೆ ಅದೇ ಪಿಕ್ಸೆಲ್‌ನಲ್ಲಿ ಬೆರೆತುಹೋಗುತ್ತೆ. ಪ್ರತಿ ತಳಿಯೂ ಕನಿಷ್ಠ ಎರಡು ಕಡೆ ಇರಲಿ, ನಡುನಡುವೆ ಹೋಲಿಕೆಗೆ ಅಂತ ಜಿಪಿಯು-28 ರಾಗಿ ತಳಿ ಹಾಕಿ. ಒಂದೇ ತಳಿಯ ಎರಡು ತಾಕು ತಾಳೆಯಾಗದಿದ್ದರೆ ಆ ದಿನದ ಚಿತ್ರ ನಂಬದೆ ಬಿಟ್ಟುಬಿಡಿ.

ಪ್ರಶ್ನೆ: ಹಾಗಾದ್ರೆ ತಣ್ಣಗಿರೋದನ್ನೇ ಆರಿಸಿಕೊಂಡ್ರೆ ಆಯ್ತಲ್ಲ?

ಉತ್ತರ: ಆಳದ ಮಣ್ಣಾಗಿದ್ರೆ ಬಹುಮಟ್ಟಿಗೆ ಹೌದು. ತೆಳು ಮಣ್ಣಲ್ಲಿ, ಇದ್ದ ನೀರನ್ನೆಲ್ಲ ಮೊದಲೇ ಕುಡಿದು ಮುಗಿಸಿದ ತಳಿ ತೆನೆ ತುಂಬೋ ಹೊತ್ತಿಗೆ ಸೊರಗುತ್ತೆ. ಇನ್ನೊಂದು, 95–100 ದಿನದ ಜಿಪಿಯು-48 ಮತ್ತು 120 ದಿನ ದಾಟೋ ಎಂಆರ್-6 ಎರಡನ್ನೂ ಒಂದೇ ದಿನದ ಚಿತ್ರದಲ್ಲಿ ಹೋಲಿಸಬೇಡಿ. ತೆನೆ ಹೊರಟ ತಾಕಲ್ಲಿ ಕ್ಯಾಮೆರಾಗೆ ಎಲೆಗಿಂತ ತೆನೆಯೇ ಹೆಚ್ಚು ಕಾಣುತ್ತೆ. ಹೂ ಬಂದ ದಿನವನ್ನು ತಪ್ಪದೆ ಬರೆದಿಡಿ.

ಇನ್ನೊಬ್ಬರ ಪ್ರಶ್ನೆ: ಬೆಂಕಿ ರೋಗ (ಶಿಲೀಂಧ್ರದಿಂದ ಬರೋ ಬ್ಲಾಸ್ಟ್) ಡ್ರೋನ್‌ನಲ್ಲಿ ಗೊತ್ತಾಗುತ್ತಾ ಸರ್?

ಉತ್ತರ: ಎಲೆಯದು ಸ್ವಲ್ಪ ಮಟ್ಟಿಗೆ. ಕುತ್ತಿಗೆಗೆ ತಗಲೋದು ತೆನೆಯ ಕೆಳಗೆ, ಮೇಲಿಂದ ಕಾಣೋ ಹೊತ್ತಿಗೆ ತೆನೆ ಜೊಳ್ಳಾಗಿರುತ್ತೆ. ಸಾಲಲ್ಲಿ ನಡೆದು ಕೈಯಲ್ಲೇ ತೆನೆ ಎತ್ತಿ ನೋಡಬೇಕು. ಮಾಲೀಕರಿಗೆ ಹೇಳಿ, ಕ್ಯಾಮೆರಾ ದುಡ್ಡಲ್ಲಿ ಒಂದಿಷ್ಟು ಕೊಯ್ಲಿನ ಕೂಲಿಗೆ ತೆಗೆದಿಡಲಿ. ತಾಕುವಾರು ಕಾಳಿನ ತೂಕ ಇಲ್ಲದಿದ್ರೆ ಆ ಬಣ್ಣದ ನಕ್ಷೆಗಳನ್ನ ಯಾವುದಕ್ಕೆ ಹೋಲಿಸ್ತೀರಿ?