ತುರ್ತು ಇಂಟ್ಯುಬೇಷನ್ ವೇಳೆ ಸ್ಯಾಚುರೇಷನ್ ಕುಸಿಯದಂತೆ ನೋಡಿಕೊಳ್ಳುವುದು ಹೇಗೆ?

ಪ್ರಶ್ನೆ: ತುರ್ತು ಚಿಕಿತ್ಸಾ ವಿಭಾಗದ ಕಿರಿಯ ವೈದ್ಯೆ, ಬೆಂಗಳೂರು

ನಗರದ ಒಂದು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದಲ್ಲಿ ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಕಳೆದ ತಿಂಗಳು ರಾತ್ರಿ ಪಾಳಿಯಲ್ಲಿ, ಎರಡೂ ಶ್ವಾಸಕೋಶಗಳಲ್ಲಿ ನ್ಯುಮೋನಿಯಾ ಹರಡಿದ್ದ, ಸ್ಥೂಲಕಾಯದ ನಡುವಯಸ್ಸಿನ ಒಬ್ಬರನ್ನು 108 ಆಂಬುಲೆನ್ಸ್‌ನಲ್ಲಿ ಕರೆತಂದರು. ಆಮ್ಲಜನಕ ತುಂಬಿದ ಚೀಲವಿರುವ ನಾನ್‌ರೀಬ್ರೀದರ್ ಮಾಸ್ಕ್ ಹಾಕಿ ನಿಮಿಷಕ್ಕೆ 15 ಲೀಟರ್ ಆಮ್ಲಜನಕ ಕೊಟ್ಟರೂ ರಕ್ತದ ಆಮ್ಲಜನಕದ ಮಟ್ಟ (ಸ್ಯಾಚುರೇಷನ್) ಶೇ 91ನ್ನು ದಾಟಲಿಲ್ಲ. ಉಸಿರಾಡಿ ಉಸಿರಾಡಿ ಅವರು ಸೋತುಹೋಗಿದ್ದರಿಂದ ಇಂಟ್ಯುಬೇಷನ್‌ಗೆ (ಶ್ವಾಸನಾಳಕ್ಕೆ ಟ್ಯೂಬ್ ಹಾಕಲು) ನಿರ್ಧರಿಸಿ, ಅಂಗಾತ ಮಲಗಿಸಿ, ನಿದ್ರೆಯ ಔಷಧವನ್ನೂ ಸ್ನಾಯು ಸಡಿಲಿಸುವ ಔಷಧವನ್ನೂ ಕೊಟ್ಟೆ. ಒಂದು ನಿಮಿಷ ತುಂಬುವ ಮೊದಲೇ, ಸ್ಯಾಚುರೇಷನ್ ಕುಸಿದಂತೆ ತಗ್ಗುವ ಮಾನಿಟರ್‌ನ ಸ್ವರ ಇಳಿಯತೊಡಗಿತು. ಧ್ವನಿಪೆಟ್ಟಿಗೆ ಅರ್ಧ ಕಾಣುತ್ತಿದ್ದುದರಿಂದ, ಇನ್ನೇನು ಟ್ಯೂಬ್ ಹೋಗಿಬಿಡುತ್ತದೆ ಎಂದುಕೊಂಡು ನಾನು ಲ್ಯಾರಿಂಗೋಸ್ಕೋಪ್ (ಗಂಟಲೊಳಗೆ ನೋಡುವ ಸಲಕರಣೆ) ಹೊರತೆಗೆಯಲಿಲ್ಲ. ಶೇ 64ಕ್ಕೆ ಬಂದಾಗ ಹೃದಯದ ಬಡಿತವೂ ನಿಧಾನವಾಯಿತು. ಆಗ ಆ ಯತ್ನ ಬಿಟ್ಟು, ಕೈಯಿಂದ ಒತ್ತಿ ಮಾಸ್ಕ್ ಮೂಲಕ ಉಸಿರು ಕೊಡುವ ಆ್ಯಂಬು ಬ್ಯಾಗ್ ಹಿಡಿದೆ. ಎರಡನೇ ಯತ್ನದಲ್ಲಿ ಟ್ಯೂಬ್ ಹೋಯಿತು. ಅವರು ಚೇತರಿಸಿಕೊಂಡು ಮನೆಗೆ ಹೋಗಿದ್ದಾರೆ. ಆದರೆ ಆ ಇಳಿಯುವ ಸ್ವರ ನನಗೆ ಇನ್ನೂ ಕೇಳಿಸುತ್ತಿದೆ.

ಔಷಧ ಕೊಡುವ ಮೊದಲು ನಾನು ಏನು ಮಾಡಬೇಕಿತ್ತು? ಹೊಟ್ಟೆ ಖಾಲಿಯಿಲ್ಲದ ರೋಗಿಗೆ ಔಷಧ ಕೊಟ್ಟು ಟ್ಯೂಬ್ ಹಾಕುವ ನಡುವೆ ಬ್ಯಾಗ್ ಒತ್ತಬಾರದು ಎಂದು ಕಲಿತಿದ್ದೇವೆ. ಅದು ಈಗಲೂ ಸರಿಯೇ? ಮಾಸ್ಕನ್ನೇ ಕಿತ್ತೆಸೆಯುವ ರೋಗಿಗೆ ಏನು ಮಾಡುವುದು? ನಮ್ಮಲ್ಲಿ ಒಂದು ಹಾಸಿಗೆಗೆ ಗೋಡೆಯಲ್ಲಿ ಇರುವುದು ಒಂದೇ ಆಮ್ಲಜನಕದ ಔಟ್‌ಲೆಟ್ ಎಂಬುದನ್ನೂ ಗಮನಿಸಿ ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಅರಿವಳಿಕೆ ತಜ್ಞ

ಡಾಕ್ಟರೇ, ಸ್ನಾಯು ಸಡಿಲಿಸುವ ಔಷಧದಿಂದ ಉಸಿರು ನಿಂತ ಮೇಲೆ ರೋಗಿ ಬದುಕುವುದು ಶ್ವಾಸಕೋಶದಲ್ಲಿ ಮೊದಲೇ ಕೂಡಿಟ್ಟ ಆಮ್ಲಜನಕದಿಂದ. ಸಹಜವಾಗಿ ಉಸಿರು ಬಿಟ್ಟ ಬಳಿಕವೂ ಶ್ವಾಸಕೋಶದಲ್ಲಿ ದೇಹತೂಕದ ಪ್ರತಿ ಕಿಲೋಗೆ ಸುಮಾರು 30 ಮಿಲಿಲೀಟರ್, ಎಂದರೆ 70 ಕಿಲೋ ತೂಕದವರಲ್ಲಿ ಎರಡು ಲೀಟರಿನಷ್ಟು ಗಾಳಿ ಉಳಿದಿರುತ್ತದೆ. ಅದರಲ್ಲಿ ಹೆಚ್ಚಿನದು ನೈಟ್ರೋಜನ್. ಮೂರು ನಿಮಿಷ ಬಿಗಿಯಾದ ಮಾಸ್ಕ್‌ನಲ್ಲಿ ಶುದ್ಧ ಆಮ್ಲಜನಕವನ್ನು ಉಸಿರಾಡಿಸಿದರೆ ನೈಟ್ರೋಜನ್ ಹೊರಹೋಗಿ ಆ ಉಗ್ರಾಣ ತುಂಬುತ್ತದೆ. ದೇಹ ನಿಮಿಷಕ್ಕೆ ಬಳಸುವುದು ಸುಮಾರು 250 ಮಿಲಿಲೀಟರ್ ಆದ್ದರಿಂದ ಆರೋಗ್ಯವಂತ ವಯಸ್ಕರ ಸ್ಯಾಚುರೇಷನ್ ಶೇ 90ಕ್ಕೆ ಇಳಿಯಲು ಎಂಟು ನಿಮಿಷದಷ್ಟು ಹಿಡಿಯಬಹುದು; ತೀವ್ರ ಸ್ಥೂಲಕಾಯದವರಲ್ಲಿ ಮೂರು ನಿಮಿಷವೂ ಸಿಗುವುದಿಲ್ಲ. ನಿಮ್ಮ ರೋಗಿಯಲ್ಲಿ ಉಗ್ರಾಣವೂ ಕುಗ್ಗಿತ್ತು, ಜ್ವರದಿಂದ ಖರ್ಚೂ ಹೆಚ್ಚಿತ್ತು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ ಎಂಬುದನ್ನೂ, ಪುಸ್ತಕದ ನಿಮಿಷಗಳನ್ನು ನಂಬುವ ಮೊದಲು, ನೆನಪಿಟ್ಟುಕೊಳ್ಳಬೇಕು.

ಶೇ 91ರಲ್ಲೇ ನಿಂತದ್ದು ನಿಮಗೆ ಸಿಕ್ಕ ಮುಖ್ಯ ಸೂಚನೆ. ಕೀವು ತುಂಬಿದ, ಮುಚ್ಚಿಕೊಂಡ ಗಾಳಿಗೂಡುಗಳ ಮೂಲಕ ಹರಿಯುವ ರಕ್ತಕ್ಕೆ ನೀವು ಎಷ್ಟು ಆಮ್ಲಜನಕ ಕೊಟ್ಟರೂ ತಲುಪುವುದಿಲ್ಲ. ಆ ಗೂಡುಗಳು ತೆರೆಯಲು ಒತ್ತಡ ಬೇಕು. ಆದ್ದರಿಂದ ಇಂಥವರಿಗೆ ಕನಿಷ್ಠ ಮೂರು ನಿಮಿಷ ಬೈಪ್ಯಾಪ್ (ಮಾಸ್ಕ್ ಮೂಲಕ ಒತ್ತಡದಿಂದ ಉಸಿರು ಕೊಡುವ ಯಂತ್ರ) ಹಾಕಿ, ಇಲ್ಲವಾದರೆ ಉಸಿರು ಬಿಟ್ಟ ಮೇಲೂ ಒತ್ತಡ ಉಳಿಸುವ ಪೀಪ್ ವಾಲ್ವ್ ಜೋಡಿಸಿದ ಆ್ಯಂಬು ಬ್ಯಾಗನ್ನು ಬಿಗಿಯಾಗಿ ಹಿಡಿಯಿರಿ. 2024ರಲ್ಲಿ ಪ್ರಕಟವಾದ, 1301 ರೋಗಿಗಳನ್ನು ಒಳಗೊಂಡ ಅಮೆರಿಕದ ಪ್ರಿಯಾಕ್ಸಿ ಅಧ್ಯಯನದಲ್ಲಿ, ಸ್ಯಾಚುರೇಷನ್ ಶೇ 85ಕ್ಕಿಂತ ಕೆಳಗಿಳಿದವರ ಪ್ರಮಾಣ ಬರಿಯ ಆಮ್ಲಜನಕದ ಮಾಸ್ಕ್ ಹಾಕಿದವರಲ್ಲಿ ಶೇ 18.5 ಇದ್ದರೆ, ಒತ್ತಡದ ಮಾಸ್ಕ್ ಹಾಕಿದವರಲ್ಲಿ ಶೇ 9.1 ಇತ್ತು.

ಇನ್ನು, ಅಂಗಾತ ಮಲಗಿಸಬೇಡಿ. ತಲೆಯ ಭಾಗವನ್ನು 20ರಿಂದ 30 ಡಿಗ್ರಿ ಎತ್ತಿ, ಕಿವಿಯ ರಂಧ್ರ ಎದೆಮೂಳೆಯ ಮೇಲ್ತುದಿಯ ಮಟ್ಟಕ್ಕೆ ಬರುವಂತೆ ದಿಂಬು ಜೋಡಿಸಿದರೆ ಹೊಟ್ಟೆಯ ಭಾರ ಶ್ವಾಸಕೋಶವನ್ನು ಒತ್ತುವುದು ತಪ್ಪುತ್ತದೆ. ಬೆರಳಿನ ಆಕ್ಸಿಮೀಟರ್ ತೋರಿಸುವುದು ಅರ್ಧ ನಿಮಿಷದ ಹಿಂದಿನ ಸ್ಥಿತಿಯನ್ನು, ಬಿ.ಪಿ. ಕಡಿಮೆಯಿದ್ದರೆ ಇನ್ನೂ ಹಿಂದಿನದನ್ನು. ಶೇ 90ರ ಕೆಳಗೆ ಇಳಿತ ಕಡಿದಾಗಿರುವುದರಿಂದ, ನೀವು 88 ಎಂದು ಓದುವಾಗ ರಕ್ತದಲ್ಲಿ ಅದಕ್ಕಿಂತ ಬಹಳ ಕಡಿಮೆ ಇರಬಹುದು.

ಉತ್ತರ 2: ಐಸಿಯು ಶುಶ್ರೂಷಕಿ

ಮೇಡಂ, ಒಂದೇ ಔಟ್‌ಲೆಟ್ ಇರುವ ಕಷ್ಟಕ್ಕೆ ನಾವು ಮಾಡಿಕೊಂಡಿರುವ ವ್ಯವಸ್ಥೆಯನ್ನು ಬರೆಯುತ್ತೇನೆ. ಗೋಡೆಯ ಫ್ಲೋಮೀಟರ್ ಮಾಸ್ಕ್‌ಗೆ ಅಥವಾ ಬ್ಯಾಗ್‌ಗೆ ಇರಲಿ. ಮಾಸ್ಕ್ ತೆಗೆದು ಟ್ಯೂಬ್ ಹಾಕುವಾಗಲೂ ಆಮ್ಲಜನಕ ಹರಿಯುತ್ತಿರಲೆಂದು, ಟ್ರಾಲಿಯ ಮೇಲೆ ಬಿ ಟೈಪ್ ಸಿಲಿಂಡರ್ ತರಿಸಿ ಮೂಗಿನ ಪ್ರಾಂಗ್ಸ್‌ಗೆ (ಮೂಗಿನ ಹೊಳ್ಳೆಗಳಿಗೆ ಸಿಕ್ಕಿಸುವ ಕೊಳವೆ) ಜೋಡಿಸಿ. ತುಂಬಿದ ಸಿಲಿಂಡರ್‌ನಲ್ಲಿ ಸುಮಾರು 1500 ಲೀಟರ್ ಇರುವುದರಿಂದ ನಿಮಿಷಕ್ಕೆ 15 ಲೀಟರಿನಂತೆ ಒಂದೂವರೆ ಗಂಟೆಯಾದರೂ ಬರುತ್ತದೆ. ಆದರೆ ಗೇಜ್ ನೋಡದೆ ತಂದ ಸಿಲಿಂಡರ್ ಅರ್ಧಕ್ಕೇ ಖಾಲಿಯಾದದ್ದನ್ನು ನಾನು ಕಂಡಿದ್ದೇನೆ. ಹ್ಯೂಮಿಡಿಫೈಯರ್ ಬಾಟಲಿಯ ಮುಚ್ಚಳ ಸಡಿಲವಾಗಿದ್ದರೆ ಆಮ್ಲಜನಕ ಅಲ್ಲೇ ಸೋರುತ್ತದೆ. ಆ್ಯಂಬು ಬ್ಯಾಗಿನ ಹಿಂಬದಿಯ ರಿಸರ್ವಾಯರ್ ಚೀಲ ಕಳಚಿದ್ದರೆ ರೋಗಿಗೆ ಶುದ್ಧ ಆಮ್ಲಜನಕ ಸಿಗುವುದಿಲ್ಲ. ನಮ್ಮ ವಾರ್ಡ್‌ನಲ್ಲಿ ಪಾಳಿ ಬದಲಾಗುವಾಗಲೆಲ್ಲ ಈ ಮೂರನ್ನು ಕೈಯಿಂದ ಮುಟ್ಟಿ ನೋಡುತ್ತೇವೆ.

ಕಟ್ಟುಹಲ್ಲುಗಳಿದ್ದರೆ ಬ್ಯಾಗ್ ಒತ್ತುವಾಗ ಬಾಯಲ್ಲೇ ಇರಲಿ, ಕೆನ್ನೆ ಕುಸಿಯದೆ ಮಾಸ್ಕ್ ಚೆನ್ನಾಗಿ ಕೂರುತ್ತದೆ. ಲ್ಯಾರಿಂಗೋಸ್ಕೋಪ್ ಹಾಕುವ ಮುನ್ನ ತೆಗೆಯಿರಿ. ಮಾಸ್ಕನ್ನು ಒಬ್ಬರು ಎರಡೂ ಕೈಗಳಿಂದ ಹಿಡಿದು, ಇನ್ನೊಬ್ಬರು ಬ್ಯಾಗ್ ಒತ್ತಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಒಂದಿದೆ. ಟ್ಯೂಬ್ ಹಾಕುವವರ ಕಣ್ಣು ಗಂಟಲಿನಲ್ಲಿ ನೆಟ್ಟಿರುತ್ತದೆ, ಅವರಿಗೆ ಸಮಯ ತಿಳಿಯುವುದಿಲ್ಲ. ಆದ್ದರಿಂದ ಔಷಧ ಕೊಡುವ ಮೊದಲೇ, "ಎಷ್ಟಕ್ಕೆ ಇಳಿದರೆ ನಿಲ್ಲಿಸುತ್ತೀರಿ?" ಎಂದು ನಾನು ಕೇಳುತ್ತೇನೆ. ಅಖಿಲ ಭಾರತ ಡಿಫಿಕಲ್ಟ್ ಏರ್‌ವೇ (ಕಷ್ಟಕರ ಶ್ವಾಸಮಾರ್ಗ) ಸಂಘದ 2016ರ ಮಾರ್ಗಸೂಚಿ ಶೇ 95ರ ಮಟ್ಟವನ್ನು ಕಾಯ್ದುಕೊಳ್ಳಲು ಹೇಳುತ್ತದೆ. ನಿಮ್ಮ ರೋಗಿಯಂತೆ ಮೊದಲೇ ಅಷ್ಟಕ್ಕೆ ಏರದವರಲ್ಲಿ ಬೇರೆ ಅಂಕಿ ಗೊತ್ತುಮಾಡಬೇಕಾಗುತ್ತದೆ. ಯಾವ ಅಂಕಿಯೇ ಆಗಲಿ, ಅದು ಬಂದಾಗ ನಾನು ಗಟ್ಟಿಯಾಗಿ ಹೇಳುತ್ತೇನೆ, ವೈದ್ಯರು ಲ್ಯಾರಿಂಗೋಸ್ಕೋಪ್ ಹೊರತೆಗೆಯುತ್ತಾರೆ. ಆ ಕ್ಷಣದಲ್ಲಿ ಕಿರಿಯ ಶುಶ್ರೂಷಕಿಯರು ಬಾಯಿ ತೆರೆಯಲು ಹೆದರುತ್ತಾರೆ, ಅದಕ್ಕೇ ಅನುಮತಿಯನ್ನು ಮೊದಲೇ ಕೊಟ್ಟಿರಬೇಕು.

ಉತ್ತರ 3: ತುರ್ತು ಚಿಕಿತ್ಸಾ ತಜ್ಞೆ

ಬ್ಯಾಗ್ ಒತ್ತುವ ಬಗ್ಗೆ ನೀವು ಕಲಿತದ್ದನ್ನು ಬದಲಿಸಿಕೊಳ್ಳಬೇಕು. 2019ರಲ್ಲಿ ಪ್ರಕಟವಾದ, 401 ಐಸಿಯು ರೋಗಿಗಳ ಪ್ರಿವೆಂಟ್ ಅಧ್ಯಯನದಲ್ಲಿ, ಔಷಧ ಕೊಟ್ಟಾಗಿನಿಂದ ಲ್ಯಾರಿಂಗೋಸ್ಕೋಪ್ ಹಾಕುವವರೆಗೆ ಮೆಲ್ಲಗೆ ಬ್ಯಾಗ್ ಒತ್ತಿದವರಲ್ಲಿ ಶೇ 10.9ರಷ್ಟು ಮಂದಿಯ ಸ್ಯಾಚುರೇಷನ್ 80ಕ್ಕಿಂತ ಕೆಳಗಿಳಿದರೆ, ಒತ್ತದವರಲ್ಲಿ ಅದು ಶೇ 22.8 ಇತ್ತು, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದ ಪ್ರಸಂಗಗಳೂ ಹೆಚ್ಚಲಿಲ್ಲ. ವಾಂತಿ ಮಾಡುತ್ತಲೇ ಇರುವವರು, ರಕ್ತ ಕಾರುತ್ತಿರುವವರು ಆ ಅಧ್ಯಯನದಲ್ಲಿ ಇರಲಿಲ್ಲವಾದ್ದರಿಂದ ಅವರ ವಿಷಯದಲ್ಲಿ ಎಚ್ಚರ ಬೇಕು.

ಮೂಗಿನ ಪ್ರಾಂಗ್ಸ್ ವಿಷಯದಲ್ಲಿ ನನ್ನ ನಿರೀಕ್ಷೆ ಅಷ್ಟು ದೊಡ್ಡದಲ್ಲ. 2016ರ ಫೆಲೋ ಅಧ್ಯಯನದಲ್ಲೂ 2017ರ ಎಂಡಾವೋ ಅಧ್ಯಯನದಲ್ಲೂ ಅದರಿಂದ ಪ್ರಯೋಜನ ಕಾಣಲಿಲ್ಲ. ಕೆಡುಕಿಲ್ಲ, ಖರ್ಚಿಲ್ಲ ಎಂದು ನಾನೂ ಹಾಕುತ್ತೇನೆ. ಆದರೆ ಅದಕ್ಕಾಗಿ ಬೈಪ್ಯಾಪ್ ತಡವಾಗಬಾರದು.

ಮಾಸ್ಕ್ ಕಿತ್ತೆಸೆಯುವವರಿಗೆ ಕೆಟಮಿನ್ ಎಂಬ ಅರಿವಳಿಕೆ ಔಷಧ ನೆರವಾಗುತ್ತದೆ. ಕಿಲೋಗೆ ಒಂದು ಮಿಲಿಗ್ರಾಮಿನಷ್ಟನ್ನು ನಿಧಾನವಾಗಿ ಕೊಟ್ಟರೆ ಸಾಮಾನ್ಯವಾಗಿ ಅವರು ಶಾಂತರಾಗಿ ತಾವೇ ಉಸಿರಾಡುತ್ತಿರುತ್ತಾರೆ. ಅಷ್ಟರಲ್ಲಿ ಮೂರು ನಿಮಿಷ ಮಾಸ್ಕ್ ಕೂರಿಸಿ, ಆಮೇಲೆ ಸ್ನಾಯು ಸಡಿಲಿಸುವ ಔಷಧ ಕೊಡಿ. ಉಸಿರು ನಿಲ್ಲುವ ಸಾಧ್ಯತೆ ಇದ್ದೇ ಇರುವುದರಿಂದ ಎಲ್ಲ ಸಲಕರಣೆಯೂ ಮೊದಲೇ ಸಿದ್ಧವಾಗಿರಬೇಕು. ಸ್ನಾಯು ಸಡಿಲಿಸುವ ಔಷಧಗಳಲ್ಲಿ, ಸಕ್ಸಿನೈಲ್‌ಕೋಲಿನ್‌ನಿಂದ ಸ್ನಾಯುಗಳು ಅದುರಿ ಆಮ್ಲಜನಕ ಬೇಗ ಖರ್ಚಾಗುತ್ತದೆ ಎಂಬ ಕಾರಣಕ್ಕೆ ನಾನು ರೊಕುರೋನಿಯಂ ಬಳಸುತ್ತೇನೆ. ಸುತ್ತಲಿನ ಹಳ್ಳಿಗಳಿಂದ ಕೀಟನಾಶಕ ಕುಡಿದು ಬರುವವರಲ್ಲಂತೂ ಸಕ್ಸಿನೈಲ್‌ಕೋಲಿನ್‌ನ ಪರಿಣಾಮ ಗಂಟೆಗಟ್ಟಲೆ ಉಳಿಯಬಹುದು.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ನಮ್ಮಲ್ಲಿ ಪೀಪ್ ವಾಲ್ವ್ ಇದೆ, ಆದರೆ ಅದು ಬೀರುವಿನಲ್ಲಿ ಬೀಗದ ಒಳಗಿರುತ್ತದೆ. ಇವತ್ತೇ ಹೊರತರಿಸಿ ಬ್ಯಾಗಿಗೆ ಜೋಡಿಸಿಟ್ಟಿದ್ದೇನೆ. ಒಂದು ಸಂದೇಹ ಉಳಿದಿದೆ. ಪ್ರಾಂಗ್ಸ್ ಮೇಲೆ ಬೈಪ್ಯಾಪ್ ಮಾಸ್ಕ್ ಕೂರಿಸಿದರೆ ಅಂಚಿನಲ್ಲಿ ಗಾಳಿ ಸೋರುವುದಿಲ್ಲವೇ?

ಉತ್ತರ 2ನ್ನು ಬರೆದವರು

ಸೋರುತ್ತದೆ ಮೇಡಂ. ಅದಕ್ಕೆ ಪ್ರಾಂಗ್ಸನ್ನು ಮೊದಲೇ ಕಿವಿಗೆ ಸಿಕ್ಕಿಸಿ, ತುದಿಯನ್ನು ಹಣೆಯ ಮೇಲೆ ಇಟ್ಟಿರುತ್ತೇವೆ. ಮಾಸ್ಕ್ ತೆಗೆದ ಕೂಡಲೇ ಅದನ್ನು ಮೂಗಿಗೆ ಇಳಿಸಿ ಸಿಲಿಂಡರಿನ ಗುಬುಟು ತಿರುಗಿಸುವ ಕೆಲಸವನ್ನು ಒಬ್ಬರಿಗೇ ವಹಿಸಿ; ಅವರಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸ ಹೇಳಬೇಡಿ.