ಅಟ್ಟದಲ್ಲಿ ಸಿಕ್ಕ ಹಳೆ ಕೇಪಿನ ಕೋವಿ: ಮನೆಯಲ್ಲಿ ಎಷ್ಟು ಕೆಲಸ ಮಾಡಬಹುದು?

ಕೇಳಿದವರು, ಮೂಡಿಗೆರೆ ಕಡೆಯಿಂದ:

ಹಳೆ ಮನೆಯ ಅಟ್ಟದಲ್ಲಿ ಗೋಣಿತಾಟು ಸುತ್ತಿಟ್ಟ ಒಂದು ಉದ್ದದ ಕೋವಿ ಸಿಕ್ಕಿದೆ. ಬಾಯಿಂದ ಮದ್ದು ತುಂಬಿ, ಕೇಪು ಎಂಬ ಸಣ್ಣ ಸಿಡಿಯುವ ಟೋಪಿ ಇಟ್ಟು ಹಾರಿಸುವಂಥದ್ದು, ಒಟ್ಟು ಉದ್ದ 55 ಇಂಚು. ನಳಿಗೆಗೆ ಮೂರು ಕಬ್ಬಿಣದ ಪಟ್ಟಿಗಳಿವೆ. ಹಿಡಿಯ ತುದಿಯ ಹಿತ್ತಾಳೆ ಹಸಿರುಗಟ್ಟಿದೆ. ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಕೂತಿರುವ ತಗಡಿನ ಮೇಲೆ ಕಿರೀಟದ ಗುರುತು ಮಸುಕಾಗಿ ಕಾಣುತ್ತದೆ. ಗಜ, ಅಂದರೆ ಮದ್ದು ಗಿಡಿಯುವ ಸರಳು, ಕಚ್ಚಿಕೊಂಡಿದೆ. ಮರದಲ್ಲಿ ಸೂಜಿ ತೂತುಗಳಿವೆ, ಮೇಲೆ ಯಾರೋ ವಾರ್ನಿಷ್ ಬಳಿದಿದ್ದಾರೆ. ಲೈಸೆನ್ಸ್ ತೀರಿಕೊಂಡ ಅಜ್ಜನ ಹೆಸರಲ್ಲಿದೆ. ಹಾರಿಸುವ ಯೋಚನೆ ಇಲ್ಲ, ಚೊಕ್ಕ ಮಾಡಿ ಜಗಲಿಯಲ್ಲಿ ತೂಗುಹಾಕಬೇಕು. ಮನೆಯಲ್ಲಿ ಬೆಂಚ್ ವೈಸ್, ಅರ, ಸಣ್ಣಪುಟ್ಟ ಸಾಮಾನು ಇವೆ. ಎಲ್ಲಿಂದ ಶುರು ಮಾಡಲಿ?

ಸಕಲೇಶಪುರ:

ಕಾಗದದಿಂದ ಶುರು ಮಾಡಿ, ಸ್ಕ್ರೂಡ್ರೈವರ್‌ನಿಂದ ಬೇಡ. ಲೈಸೆನ್ಸ್ ಹೊಂದಿದವರು ತೀರಿಕೊಂಡ ಮೇಲೆ ಆ ಕೋವಿ ಮನೆಯಲ್ಲಿ ಸುಮ್ಮನೆ ಇರುವಂತಿಲ್ಲ. 1959ರ ಆಯುಧ ಕಾಯ್ದೆಯ 21ನೇ ಕಲಮಿನ ಪ್ರಕಾರ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರುವ ಕೋವಿ ಅಂಗಡಿಯಲ್ಲಿ ಠೇವಣಿ ಇಡಬೇಕು. ಆಮೇಲೆ ವಾರಸುದಾರರಲ್ಲಿ ಒಬ್ಬರು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. 2019ರ ತಿದ್ದುಪಡಿ ನಂತರ ಒಬ್ಬರ ಹೆಸರಲ್ಲಿ ಎರಡೇ ಕೋವಿ, ವಂಶಪಾರಂಪರ್ಯವಾಗಿ ಬಂದದ್ದೂ ಆ ಲೆಕ್ಕಕ್ಕೇ ಸೇರುತ್ತದೆ. ಮನೆಯಲ್ಲಿ ಈಗಾಗಲೇ ಎರಡು ತೋಟಾ ಕೋವಿ ಹೊಂದಿದವರ ಹೆಸರಿಗೆ ಇದನ್ನು ಬರೆಸಲು ಹೋಗಬೇಡಿ.

'ಹಳೇದು, ಹಾರಲ್ಲ, ಲೈಸೆನ್ಸ್ ಯಾಕೆ' ಎನ್ನುವವರು ಊರಿಗೊಬ್ಬರು ಇರುತ್ತಾರೆ. ಕಾಯ್ದೆಯ 45ನೇ ಕಲಮಿನಲ್ಲಿ ಬಳಕೆ ತಪ್ಪಿದ, ಪುರಾತನ, ಕೆಟ್ಟುಹೋದ ಆಯುಧಕ್ಕೆ ವಿನಾಯಿತಿ ಇರುವುದು ನಿಜ. ಆದರೆ ಅಲ್ಲಿನ ಷರತ್ತು, ರಿಪೇರಿ ಮಾಡಿದರೂ ಮಾಡದಿದ್ದರೂ ಅದು ಕೋವಿಯಾಗಿ ಕೆಲಸಕ್ಕೆ ಬರುವಂತಿರಬಾರದು ಎಂದು. ನೀವು ಹೇಳಿದಂಥ ಕೇಪಿನ ಕೋವಿಯನ್ನು ರಿಪೇರಿ ಮಾಡಿದರೆ ಹಾರಿಸಬಹುದು. ಹಾಗಾಗಿ ವಿನಾಯಿತಿ ಇದೆ ಎಂದು ನೀವೇ ತೀರ್ಮಾನಿಸಿಕೊಳ್ಳಬೇಡಿ. ಪಕ್ಕದ ಕೊಡಗಿನವರಿಗೆ ಇರುವ ರಿಯಾಯಿತಿ ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ (ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಮಾತ್ರ, ಗಡಿ ದಾಟಿ ನಮ್ಮ ಕಡೆಗೆ ಬರುವುದಿಲ್ಲ.

ಇನ್ನೊಂದು: 5ನೇ ಕಲಮಿನಲ್ಲಿ 'ರಿಪೇರಿ' ಎಂಬ ಪದವೂ ಇದೆ, ಅದಕ್ಕೆ ಬೇರೆಯೇ ಲೈಸೆನ್ಸ್ ಬೇಕು. ಮನೆಯ ಬೆಂಚಿನ ಮೇಲೆ ಒರೆಸುವುದು, ತುಕ್ಕು ತಡೆಯುವುದು, ಮರ ಉಳಿಸುವುದು, ಇಷ್ಟೇ. ಸ್ಪ್ರಿಂಗ್ ಬದಲಿಸುವುದು, ನಿಪ್ಪಲ್ (ಕೇಪು ಕೂರುವ ಸಣ್ಣ ಕೊಳವೆ) ಹೊಸದು ಹಾಕುವುದು, ನಳಿಗೆ ತಿದ್ದುವುದು ಲೈಸೆನ್ಸ್ ಇರುವ ಕೋವಿ ಕೆಲಸದವರಿಗೆ ಬಿಟ್ಟದ್ದು. ಬಡಗಿ ಅಂಗಡಿಯಲ್ಲಿ ಒಂದು ವಾರ ಬಿಟ್ಟುಬರುವುದೂ ಆಗದು.

ಹಾಸನ:

ಠಾಣೆಗೆ ತೆಗೆದುಕೊಂಡು ಹೋಗುವ ಮೊದಲೇ ನೋಡಬೇಕಾದ್ದು, ಕೋವಿ ತುಂಬಿದೆಯೋ ಇಲ್ಲವೋ. ಅಟ್ಟದ ಕೇಪಿನ ಕೋವಿಗಳಲ್ಲಿ ತುಂಬಿಟ್ಟವು ಅಪರೂಪವೇನಲ್ಲ. ಕರಿ ಮಸಿ (ಕೋವಿ ಮದ್ದು) ಒಣಗಿದ್ದರೆ ನೂರು ವರ್ಷವಾದರೂ ಹೊತ್ತಿಕೊಳ್ಳುತ್ತದೆ.

ಕುದುರೆ ಎತ್ತಬೇಡಿ. ನಿಪ್ಪಲ್ ಮೇಲೆ ಕೇಪು ಕಂಡರೆ ಅಲ್ಲಿಗೇ ನಿಲ್ಲಿಸಿ ಠಾಣೆಗೆ ಫೋನ್ ಮಾಡಿ. ಕೇಪು ಇಲ್ಲದಿದ್ದರೆ ನಳಿಗೆಯ ಬಾಯಿ ಯಾರ ಕಡೆಗೂ, ನಿಮ್ಮ ಕಡೆಗೂ ಇರದಂತೆ ಮಲಗಿಸಿ, ಪಕ್ಕದಲ್ಲಿ ನಿಂತು ಸಣ್ಣ ಮರದ ಕೋಲನ್ನು ತಳದವರೆಗೆ ಮೆಲ್ಲಗೆ ಬಿಡಿ. ಕಬ್ಬಿಣದ ಸರಳು ಬೇಡ. ಬಾಯಿಯ ಮಟ್ಟಕ್ಕೆ ಕೋಲಿನ ಮೇಲೆ ಗುರುತು ಹಾಕಿ, ಹೊರಗೆ ತೆಗೆದು ಅದೇ ಅಳತೆಗೆ ನಳಿಗೆಯ ಪಕ್ಕ ಹಿಡಿಯಿರಿ. ಕೋಲಿನ ತುದಿ ನಿಪ್ಪಲ್ ಇರುವ ಜಾಗದವರೆಗೆ ಬಂದರೆ ನಳಿಗೆ ಖಾಲಿ. ಎರಡು ಮೂರು ಇಂಚು ಮೊದಲೇ ನಿಂತರೆ ಒಳಗೆ ಏನೋ ಇದೆ. ಕಣಜದ ಗೂಡೂ ಆಗಿರಬಹುದು, ಮಸಿ ಮತ್ತು ಚರೆಯೂ ಆಗಿರಬಹುದು. ಹೊರಗಿನಿಂದ ಗೊತ್ತಾಗುವುದಿಲ್ಲ, ತುಂಬಿದೆ ಎಂದೇ ತಿಳಿಯಿರಿ. ಚುಚ್ಚಿ ತೆಗೆಯುವುದು, ಡ್ರಿಲ್ ಹಾಕುವುದು, ಬಿಸಿ ಮಾಡುವುದು ಯಾವುದೂ ಬೇಡ. ಠಾಣೆಗೆ ಹಾಗೆಂದೇ ಹೇಳಿ, ಖಾಲಿ ಮಾಡುವ ಕೆಲಸ ಕೋವಿ ಕೆಲಸದವರದು.

ಚಿಕ್ಕಮಗಳೂರು:

55 ಇಂಚು, ಮೂರು ಪಟ್ಟಿ, ಹಿತ್ತಾಳೆ ಸಾಮಾನು, ಕಿರೀಟ ಎಂದರೆ 1853ರ ಎನ್‌ಫೀಲ್ಡ್ ಮಾದರಿ ಇರಬಹುದು. ಅದರ ನಳಿಗೆ 39 ಇಂಚು, ಬಾಯಿ .577 ಇಂಚು ಅಂದರೆ ಸುಮಾರು 14.7 ಮಿ.ಮೀ., ಒಳಗೆ ಮೂರು ತಿರುಪು ಗೀರು. ಕುದುರೆಯ ಹಿಂದುಗಡೆ ಕಿರೀಟ, ಅದರ ಕೆಳಗೆ ವಿ.ಆರ್. (ವಿಕ್ಟೋರಿಯಾ ರಾಣಿಯ ಗುರುತು), ಮುಂದುಗಡೆ ಇಸವಿ ಮತ್ತು 'ಟವರ್' ಅಥವಾ 'ಎನ್‌ಫೀಲ್ಡ್' ಎಂಬ ಅಕ್ಷರ ಇರುತ್ತದೆ. ಖಾಲಿ ಎಂದು ಖಚಿತವಾದ ಮೇಲೆ ಬಾಯಿಗೆ ವರ್ನಿಯರ್ ಹಿಡಿಯಿರಿ. 16.5 ಮಿ.ಮೀ. ದಾಟಿ ಒಳಗೆ ನುಣ್ಣಗಿದ್ದರೆ ಅದು 1857ರ ದಂಗೆಯ ನಂತರ ಭಾರತೀಯ ಸಿಪಾಯಿಗಳಿಗಾಗಿ ಮಾಡಿದ ಬಗೆ ಇರಬಹುದು. ಗೀರಿನ ಕೋವಿ ದೂರಕ್ಕೆ ಗುರಿ ಹೊಡೆಯುತ್ತದೆಂದು ಸಿಪಾಯಿಗಳಿಗೆ ಬೇಕೆಂದೇ ಗೀರಿಲ್ಲದ್ದನ್ನು ಕೊಡುತ್ತಿದ್ದರು. ಅಕ್ಷರ ತಿರುಗುಮುರುಗಾಗಿದ್ದರೆ ಅಥವಾ ಕಿರೀಟ ಸೊಟ್ಟಗಿದ್ದರೆ ಇಲ್ಲೇ ಯಾರೋ ಕಮ್ಮಾರರು ಮಾಡಿದ ನಕಲು. ಅದನ್ನೂ ಅಷ್ಟೇ ಜೋಪಾನ ಮಾಡಿ, ಆ ಕೈಕೆಲಸವೂ ಇವತ್ತು ಸಿಗುವುದಿಲ್ಲ.

ಈ ಗುರುತುಗಳ ಆಳ ಕೂದಲೆಳೆಯಷ್ಟು. ಎಮರಿ ಕಾಗದವನ್ನು ನಾಲ್ಕು ಸಲ ಆಡಿಸಿದರೆ ಇಸವಿ ಹೋಗುತ್ತದೆ, ಇಸವಿ ಹೋದರೆ ಅದು ಬರೀ ಕಬ್ಬಿಣ. ಗ್ರೈಂಡರ್, ಬಫ್, ವೈರ್ ವೀಲ್ ಮೂರನ್ನೂ ಬೆಂಚಿನಿಂದ ದೂರ ಇಡಿ.

ಬೇಲೂರು:

ಕಾಗದಪತ್ರ ಮುಗಿದು ಕೋವಿ ನಿಮ್ಮ ಹೆಸರಿಗೆ ಬಂದ ಮೇಲೆ ಬಿಚ್ಚುವ ಕ್ರಮ ಇದು.

ಮೊದಲು ಎಲ್ಲ ಮಗ್ಗುಲಿಂದ ಫೋಟೋ. ಒಂದು ರಟ್ಟಿನ ಮೇಲೆ ಕೋವಿಯ ಚಿತ್ರ ಬರೆದು, ಬಿಚ್ಚಿದ ಸ್ಕ್ರೂಗಳನ್ನು ಅದೇ ಜಾಗದಲ್ಲಿ ಚುಚ್ಚುತ್ತಾ ಹೋಗಿ. ಅಂದಿನ ಸ್ಕ್ರೂ ಒಂದರಂತೆ ಇನ್ನೊಂದು ಇರುವುದಿಲ್ಲ, ಅದಲು ಬದಲಾದರೆ ಮರ ಸೀಳುತ್ತದೆ.

ಅಂಗಡಿಯ ಸ್ಕ್ರೂಡ್ರೈವರ್ ತುದಿಗೆ ಹೋಗುತ್ತಾ ಬೆಣೆಯ ಹಾಗೆ ಸಪೂರವಾಗಿರುತ್ತದೆ. ಸ್ಕ್ರೂ ತಲೆಯ ಗಾಡಿಯಲ್ಲಿ (ಸೀಳಿನಲ್ಲಿ) ಮೇಲಷ್ಟೇ ಕಚ್ಚಿ ಜಾರುತ್ತದೆ. ಹಳೆ ಸ್ಕ್ರೂಡ್ರೈವರ್ ತೆಗೆದುಕೊಂಡು ಅರದಿಂದ ಎರಡೂ ಮುಖವನ್ನು ಸಮಾನಾಂತರ ಮಾಡಿ, ಗಾಡಿಯ ತಳ ಮುಟ್ಟಬೇಕು, ಅಗಲಕ್ಕೂ ಸರಿಹೊಂದಬೇಕು. ಪ್ರತಿ ಸ್ಕ್ರೂ ತಲೆಗೆ ಒಂದೊಂದು ಹನಿ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಮೂರು ದಿನ ಬಿಡಿ. ತಿರುಗಿಸುವಾಗ ಮೊದಲು ಬಿಗಿ ಮಾಡುವ ಕಡೆಗೆ ಕೂದಲಷ್ಟು, ಆಮೇಲೆ ಸಡಿಲಿಸುವ ಕಡೆಗೆ. 'ಟಿಕ್' ಎಂದು ಸಣ್ಣ ಸದ್ದು ಬಂದರೆ ಬಿಟ್ಟಿತು ಎಂದರ್ಥ.

ಗಜವನ್ನು ಇಕ್ಕಳದಲ್ಲಿ ಹಿಡಿದು ಎಳೆಯಬೇಡಿ. ಅದು ಕೂರುವ ಮರದ ಕಾಲುವೆಗೆ ಎಣ್ಣೆ ಇಳಿಬಿಟ್ಟು ಚರ್ಮದ ತುಂಡು ಸುತ್ತಿ ಕೈಯಲ್ಲೇ ಆಚೀಚೆ ತಿರುಗಿಸಿ, ವಾರ ಹಿಡಿದರೂ ಸರಿ. ಗಜ ಬಂದ ಮೇಲೆ ಲಾಕ್, ಅಂದರೆ ಕುದುರೆ, ಸ್ಪ್ರಿಂಗ್ ಇರುವ ತಗಡಿನ ಭಾಗ. ನಳಿಗೆ ಖಾಲಿ ಎಂದು ಇನ್ನೊಮ್ಮೆ ನೋಡಿಕೊಂಡು ಕುದುರೆಯನ್ನು ಮೊದಲ ಕ್ಲಿಕ್‌ಗೆ ಎತ್ತಿ. ಎದುರು ಮಗ್ಗುಲಿನ ಎರಡು ಉದ್ದ ಸ್ಕ್ರೂಗಳನ್ನು ಪೂರ್ತಿ ತೆಗೆಯದೆ ಮೂರು ನಾಲ್ಕು ಸುತ್ತು ಸಡಿಲಿಸಿ, ಅವುಗಳ ತಲೆಗೆ ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಒಂದಕ್ಕೊಂದು ಸಮನಾಗಿ ತಟ್ಟಿ. ಲಾಕ್ ತಗಡು ಮರದಿಂದ ನೇರವಾಗಿ ಎದ್ದು ಬರುತ್ತದೆ. ಒಂದು ಕಡೆಯಿಂದ ಮೀಟಿ ಎಬ್ಬಿಸಿದರೆ ಸುತ್ತಲಿನ ಅಂಚು ಚೂರಾಗುತ್ತದೆ. ಹಳೆ ಕೋವಿಗಳಲ್ಲಿ ಅತಿ ಹೆಚ್ಚು ಕಾಣುವ ಗಾಯ ಇದೇ.

ಆಮೇಲೆ ಬಾಯಿ ಕಡೆಯಿಂದ ಪಟ್ಟಿಗಳು, ಕೊನೆಗೆ ನಳಿಗೆಯ ಬಾಲದ ಸ್ಕ್ರೂ. ನಳಿಗೆಯನ್ನು ಬಾಯಿ ತುದಿಯಿಂದ ಮೆಲ್ಲಗೆ ಎತ್ತಿ. ಪಟ್ಟಿಯ ಸ್ಕ್ರೂ ಬಗ್ಗಲೇ ಇಲ್ಲವೆಂದರೆ ನಳಿಗೆ ಬಿಚ್ಚದೆಯೇ ಕೆಲಸ ಮುಗಿಸಿ, ತಲೆ ಮುರಿದ ಸ್ಕ್ರೂಗಿಂತ ಅದೇ ವಾಸಿ. ಲಾಕಿನ ದೊಡ್ಡ ಸ್ಪ್ರಿಂಗ್ ತೆಗೆಯಲು ಹೋಗಬೇಡಿ. ಇಡೀ ಲಾಕನ್ನು ಮಿನರಲ್ ಟರ್ಪೆಂಟೈನ್‌ನಲ್ಲಿ ಒಂದು ರಾತ್ರಿ ನೆನೆಸಿ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದರೆ ಗಟ್ಟಿಕಟ್ಟಿದ ಎಣ್ಣೆಯೆಲ್ಲ ಬಿಡುತ್ತದೆ. ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ.

ಅರಸೀಕೆರೆ:

ತುಕ್ಕಿಗೆ ವಾಷಿಂಗ್ ಸೋಡಾ ನೀರು, ಬ್ಯಾಟರಿ ಚಾರ್ಜರ್ ಇಟ್ಟು ಕರೆಂಟ್ ಹಾಯಿಸುವ ವಿಧಾನ ಸುಲಭ ಅಲ್ಲವೇ? ಪಟ್ಟಿಗಳನ್ನು, ಲಾಕನ್ನು ಹಾಗೆ ಮಾಡಬಹುದಲ್ಲ.

ಚಿಕ್ಕಮಗಳೂರು:

ಬೇಡ ಸರ್. ಗುದ್ದಲಿಗೆ, ಕತ್ತಿಗೆ ಆ ವಿಧಾನ ಚೆನ್ನಾಗಿದೆ. ಇಲ್ಲಿ ತುಕ್ಕಿನ ಜೊತೆಗೆ ಉಳಿದಿರುವ ಹಳೆ ಬಣ್ಣವೂ ಹೋಗಿ ಕಬ್ಬಿಣ ಬೂದಿ ಬಣ್ಣಕ್ಕೆ ತಿರುಗುತ್ತದೆ. ಈ ಕೋವಿಯ ನಳಿಗೆಗೆ ಮೂಲದಲ್ಲಿ ನೀಲಿಗಪ್ಪು ಲೇಪ ಇತ್ತು. ಪಟ್ಟಿಯ ಅಡಿಯಲ್ಲಿ, ಮರದೊಳಗೆ ಹುದುಗಿದ ಭಾಗದಲ್ಲಿ ಅದು ಇನ್ನೂ ಸಿಗಬಹುದು. ಇನ್ನು ಗಟ್ಟಿ ಉಕ್ಕಿನ ಸ್ಪ್ರಿಂಗ್ ಹೈಡ್ರೋಜನ್ ಹೀರಿಕೊಂಡು ಪೆಡಸಾಗಿ ಮುರಿಯುತ್ತದೆ. ಬಚ್ಚಲು ತೊಳೆಯುವ ಆಸಿಡ್‌ಗೂ ಇದೇ ಮಾತು, ಜೊತೆಗೆ ಅದರ ಕ್ಲೋರೈಡ್ ಗುಂಡಿಗಳಲ್ಲಿ ಉಳಿದು ಮುಂದಿನ ಮಳೆಗಾಲಕ್ಕೆ ದುಪ್ಪಟ್ಟು ತುಕ್ಕು ತರುತ್ತದೆ.

ಮಾಡಬೇಕಾದ್ದು ಇಷ್ಟು: ತೆಳು ಎಣ್ಣೆ ಸವರಿ ಎರಡು ದಿನ ಬಿಡಿ. ನಾಲ್ಕು ಸೊನ್ನೆಯ, ಅತಿ ನಯದ ಸ್ಟೀಲ್ ವುಲ್ ಅನ್ನು ಎಣ್ಣೆಯಲ್ಲಿ ಅದ್ದಿ, ಎರಡು ಬೆರಳ ಒತ್ತಡದಲ್ಲಿ, ನಳಿಗೆಯ ಉದ್ದಕ್ಕೆ ಉಜ್ಜಿ, ಬಿಳಿ ಬಟ್ಟೆಯಲ್ಲಿ ಒರೆಸಿ. ಮತ್ತೆ ಎಣ್ಣೆ, ಮತ್ತೆ ಎರಡು ದಿನ. ಐದಾರು ಸುತ್ತು ಬೇಕಾಗುತ್ತದೆ. ಗಂಟುಗಟ್ಟಿದ ತುಕ್ಕನ್ನು ಹಿತ್ತಾಳೆ ಚೂರಿನ ಅಂಚಿನಿಂದ ಎಬ್ಬಿಸಿ, ಹಿತ್ತಾಳೆ ಕಬ್ಬಿಣಕ್ಕಿಂತ ಮೆದು, ಗೀರು ಬೀಳುವುದಿಲ್ಲ. ಬಟ್ಟೆಗೆ ಕಿತ್ತಳೆ ಬಣ್ಣ ಹತ್ತುವವರೆಗೆ ಕೆಂಪು ತುಕ್ಕು ಬದುಕಿದೆ. ಬಟ್ಟೆ ಮೇಲೆ ಕಾಫಿ ಕಂದು ಬಣ್ಣ ಬಂದು, ಕಬ್ಬಿಣ ನೇರಳೆ ಹಣ್ಣಿನ ಹಾಗೆ ಕಪ್ಪಗೆ ನುಣುಪಾಗಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಆ ಕಪ್ಪು ಪದರವೇ ಒಳಗಿನ ಲೋಹಕ್ಕೆ ರಕ್ಷೆ.

ಹಿತ್ತಾಳೆಗೆ ಹುಣಸೆಹಣ್ಣು ಹಚ್ಚಬೇಡಿ. ಹುಳಿ ಸತುವನ್ನು ಎಳೆದು ತಾಮ್ರದ ಕೆಂಪು ಮೇಲೆ ಬರುತ್ತದೆ, ಅಂಚಿನಿಂದ ಮರದೊಳಗೂ ಇಳಿಯುತ್ತದೆ. ಅಮೋನಿಯಾ ಇರುವ ಪಾಲಿಷ್‌ನಿಂದ ಹಳೆ ಹಿತ್ತಾಳೆ ಬಿರುಕು ಬಿಡಬಹುದು. ಹಸಿರನ್ನು ಬಿದಿರು ಕಡ್ಡಿಯಿಂದ ಕೆರೆದು ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕೊಪ್ಪ:

ಮರದ ವಿಷಯ ಹೇಳುತ್ತೇನೆ. ಸೂಜಿ ತೂತುಗಳ ಕೆಳಗೆ ಕರಿ ಕಾಗದ ಹಾಸಿ ಹದಿನೈದು ದಿನ ಇಡಿ. ಹೊಸ ಹಿಟ್ಟು ಉದುರಿದರೆ ಕುಟ್ಟೆ ಹುಳ ಇನ್ನೂ ಇದೆ. ಬಣ್ಣದ ಅಂಗಡಿಯಲ್ಲಿ ಸಿಗುವ, ನೀರು ಬೆರೆಸದ ಎಣ್ಣೆ ಮೂಲದ ಮರದ ಹುಳದ ಔಷಧವನ್ನು ಸಿರಿಂಜಿನಲ್ಲಿ ತೂತಿಗೊಂದು ಹನಿಯಂತೆ ಬಿಟ್ಟು ಪ್ಲಾಸ್ಟಿಕ್ಕಿನಲ್ಲಿ ಎರಡು ವಾರ ಸುತ್ತಿಡಿ. ಕೈಗವಸು, ಕನ್ನಡಕ ಹಾಕಿಕೊಳ್ಳಿ.

ವಾರ್ನಿಷ್ ಯಾವುದೆಂದು ತಿಳಿಯದೆ ತೆಗೆಯಬೇಡಿ. ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಕಾಣದ ಜಾಗದಲ್ಲಿ ಅರ್ಧ ನಿಮಿಷ ಒತ್ತಿ. ಅಂಟಂಟಾದರೆ ಅರಗಿನ ಪಾಲಿಷ್, ಸ್ಪಿರಿಟ್‌ನಿಂದಲೇ ಬಿಡುತ್ತದೆ. ಬಿಡದಿದ್ದರೆ ಥಿನ್ನರ್, ಅದಕ್ಕೂ ಜಗ್ಗದಿದ್ದರೆ ಪೇಂಟ್ ರಿಮೂವರ್. ಕಾಸ್ಟಿಕ್ ಸೋಡಾ ಮುಟ್ಟಿಸಿದರೆ ಅಕ್ರೋಟ್ ಮರ ಕರ್ರಗಾಗುತ್ತದೆ. ಮರಳು ಕಾಗದವೂ ಬೇಡ: ಮರದ ಮೇಲೂ ಮುದ್ರೆಗಳಿರುತ್ತವೆ, ಅಲ್ಲದೆ ಮರ ತಗ್ಗಿದರೆ ಲಾಕ್ ತಗಡು ಹೊರಗೆ ಚಾಚಿಕೊಂಡು ಕಾಣುತ್ತದೆ. ತಗ್ಗು ಬಿದ್ದಲ್ಲಿ ಒದ್ದೆ ಬಟ್ಟೆ ಇಟ್ಟು ಇಸ್ತ್ರಿ ಪೆಟ್ಟಿಗೆಯ ತುದಿ ಮುಟ್ಟಿಸಿ, ಹಬೆಗೆ ಮರ ಉಬ್ಬಿ ಮೇಲೆ ಬರುತ್ತದೆ. ಹಿಡಿಯ ಕುತ್ತಿಗೆಯಲ್ಲಿ ಸೀಳಿದ್ದರೆ ಬಿಸಿ ಸರೇಸು (ಬಡಗಿಗಳ ಹಳೆ ಅಂಟು) ಹಾಕಿ ಹಳೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿಯಾಗಿ ಸುತ್ತಿ ಒಂದು ದಿನ ಬಿಡಿ. ಸರೇಸನ್ನು ಮುಂದೆ ಯಾರಾದರೂ ಬಿಸಿನೀರಿನಲ್ಲಿ ಬಿಡಿಸಬಹುದು, ಅರಾಲ್ಡೈಟ್ ಹಾಗಲ್ಲ.

ಎಣ್ಣೆ ಹಚ್ಚುವುದು ಜನವರಿಯಿಂದ ಮಾರ್ಚ್ ಒಳಗೆ, ಕಣದಲ್ಲಿ ಕಾಫಿ ಒಣಗುವ ಕಾಲಕ್ಕೆ. ಬಣ್ಣದ ಅಂಗಡಿಯ ಕಾಯಿಸಿದ ಅಗಸೆ ಎಣ್ಣೆ ತನ್ನಿ. ಹಸಿ ಎಣ್ಣೆ ನಮ್ಮ ತೇವಕ್ಕೆ ಒಣಗದೆ ಜಿಗುಟಾಗಿ ಬೂಸ್ಟು ಹಿಡಿಯುತ್ತದೆ. ಅಂಗೈಗೆ ಒಂದು ಚಮಚದಷ್ಟು ಹಾಕಿಕೊಂಡು ಬಿಸಿಯಾಗುವಂತೆ ತಿಕ್ಕಿ, 20 ನಿಮಿಷ ಬಿಟ್ಟು ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ದಿನಕ್ಕೊಂದು ಕೈ, ಮೂರು ಕೈ ಸಾಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿ ಕಾದು ಹೊತ್ತಿಕೊಳ್ಳುತ್ತದೆ. ಅಂಗಳದಲ್ಲಿ ಬಿಡಿಸಿ ಹರವಿ, ಇಲ್ಲವೇ ನೀರಲ್ಲಿ ಮುಳುಗಿಸಿ.

ಕೇಳಿದವರು:

ಮನೆಯಲ್ಲಿ ಕೊಬ್ಬರಿ ಎಣ್ಣೆ ಸವರಿ ಒಲೆಯ ಮೇಲಿನ ಅಟ್ಟದಲ್ಲೇ ಇಡುವ ರೂಢಿ. ಹೊಗೆಗೆ ತುಕ್ಕು ಬರುವುದಿಲ್ಲ ಎನ್ನುತ್ತಾರೆ. ಅದು ಸರಿಯೇ?

ಸಕಲೇಶಪುರ:

ಕೊಬ್ಬರಿ ಎಣ್ಣೆ ಒಣಗುವ ಎಣ್ಣೆಯಲ್ಲ. ಕಮಟಿ ಹುಳಿಯಾಗಿ ಹಿತ್ತಾಳೆಯನ್ನು ಹಸಿರು ಮಾಡುತ್ತದೆ, ಮರದ ಮೇಲೆ ಧೂಳು ಕಟ್ಟುತ್ತದೆ. ಒಲೆಯ ಬಿಸಿಯಿಂದ ಜಾಗ ಒಣಗಿರುವುದು ಲಾಭವೇ, ಆದರೆ ಹೊಗೆಯ ಮಸಿಯಲ್ಲಿ ಹುಳಿ ಅಂಶ ಇದೆ, ಮರವೂ ಬಿರಿಯುತ್ತದೆ. ಗೋಣಿತಾಟು, ಚರ್ಮದ ಚೀಲ ಎರಡೂ ನೀರು ಹೀರಿ ಕಬ್ಬಿಣಕ್ಕೆ ಅಂಟಿಸಿ ಇಡುತ್ತವೆ.

ಲೋಹಕ್ಕೆ ಮೇಣ ಹಚ್ಚಿ. 100 ಗ್ರಾಂ ಶುದ್ಧ ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ಒಲೆ ಆರಿಸಿ, ಹೊರಗೆ ತಂದು, 200 ಮಿ.ಲೀ. ಟರ್ಪೆಂಟೈನ್ ಬೆರೆಸಿ. ಆರಿದಾಗ ಬೆಣ್ಣೆಯ ಹದ ಬರುತ್ತದೆ. ತೆಳುವಾಗಿ ಹಚ್ಚಿ ಒಂದು ಗಂಟೆ ಬಿಟ್ಟು ಹತ್ತಿ ಬಟ್ಟೆಯಲ್ಲಿ ಉಜ್ಜಿ. ಮೃಗಶಿರಾ ಮಳೆ ಹಿಡಿಯುವ ಮೊದಲು ಒಮ್ಮೆ, ಮಳೆಗಾಲ ಕಳೆದ ಮೇಲೆ ಒಮ್ಮೆ. ನಡುವೆ ಬರಿಗೈಯಲ್ಲಿ ಮುಟ್ಟಿದವರ ಬೆರಳಚ್ಚು ಎರಡೇ ದಿನದಲ್ಲಿ ತುಕ್ಕಾಗಿ ಮೂಡುತ್ತದೆ, ಕೂಡಲೇ ಒರೆಸಿ.

ಜಗಲಿಯಲ್ಲಿ ತೂಗುಹಾಕುವುದನ್ನು ಬಿಟ್ಟುಬಿಡಿ. ಆಷಾಢದ ಇರಚಲು ಅಲ್ಲಿಗೆ ಬರುತ್ತದೆ, ಲೈಸೆನ್ಸಿನ ಕೋವಿ ಬಂದವರ ಕೈಗೆ ಎಟಕುವಂತೆ ಇರಬಾರದು ಕೂಡ. ಒಳಕೋಣೆಯ ಬೀಗದ ಗಾಜಿನ ಕಪಾಟು ಸರಿ. ಬೆನ್ನಿನ ಹಲಗೆಗೂ ಕೋವಿಗೂ ಒಂದಿಂಚು ಸಂದು ಇರಲಿ, ಗೂಟಗಳಿಗೆ ಬಣ್ಣವಿಲ್ಲದ ಹತ್ತಿ ಬಟ್ಟೆ ಸುತ್ತಿ. ತಳದಲ್ಲಿ ಸಿಲಿಕಾ ಜೆಲ್ ಡಬ್ಬಿ ಇಟ್ಟು, ಬಣ್ಣ ಬದಲಾದಾಗ ಬಾಣಲೆಯಲ್ಲಿ ಸಣ್ಣ ಉರಿಗೆ ಒಣಗಿಸಿ.

ಚುನಾವಣೆ ಹೊತ್ತಿಗೆ ಠೇವಣಿ ಇಡಲು ಹೇಳಿದರೆ ಕೊಡುವ ಹಿಂದಿನ ದಿನ ಮೇಣ ದಪ್ಪಗೆ ಹಚ್ಚಿ, ಉಜ್ಜದೆ ಹಾಗೇ ಬಿಡಿ. ಗಜವನ್ನು ಕಾಲುವೆಗೆ ಹಾಕುವ ಮೊದಲು ಅದಕ್ಕೂ ಹಚ್ಚಿ. ಇಲ್ಲದಿದ್ದರೆ ವಾಪಸು ಬರುವಾಗ ಮತ್ತೆ ಕಚ್ಚಿಕೊಂಡಿರುತ್ತದೆ.