ಸೇಬು ಮಫಿನ್‌ಗೆ ಚೀಸ್ ಹಾಕಿದ್ದಕ್ಕೆ 'ಅಜ್ಜಿ ಮನೆ' ಗುಂಪಿನಲ್ಲಿ ಆದ ಜಗಳ

ನಮ್ಮ ತಾಯಿ ಕಡೆಯವರ ವಾಟ್ಸಾಪ್ ಗುಂಪಿನ ಹೆಸರು 'ಅಜ್ಜಿ ಮನೆ'. ಕಳೆದ ವಾರ ಅಲ್ಲಿ ನಡೆದ ಚರ್ಚೆ ಇದು. ಹೆಸರುಗಳ ಬದಲು ನಾನು ಕರೆಯುವ ಸಂಬಂಧಗಳನ್ನೇ ಹಾಕಿದ್ದೇನೆ. ದೊಡ್ಡಪ್ಪ, ದೊಡ್ಡಮ್ಮ ಉಡುಪಿಯವರು. ಅವರ ಮಗಳು ಅಕ್ಕ ಅಮೆರಿಕದ ವರ್ಮಾಂಟ್‌ನಲ್ಲಿದ್ದಾಳೆ. ಚಿಕ್ಕಮ್ಮ ಸಾಗರದಲ್ಲಿ, ಅಜ್ಜಿಯೂ ಅವರ ಜೊತೆಗೇ. ಮಾವ ರಸಾಯನಶಾಸ್ತ್ರದ ಮೇಷ್ಟರಾಗಿ ನಿವೃತ್ತರಾದವರು, ಆದರೆ ಪಾಠ ಮಾಡುವುದರಿಂದ ನಿವೃತ್ತರಾಗಿಲ್ಲ. ಎಲ್ಲರನ್ನೂ ಕೇಳಿಯೇ ಇಲ್ಲಿ ಹಾಕುತ್ತಿದ್ದೇನೆ. ದೊಡ್ಡಪ್ಪನ ಷರತ್ತು ಒಂದೇ: ಅವರ ಮಾತನ್ನು ಎಲ್ಲೂ ಕತ್ತರಿಸಬಾರದು. ಕತ್ತರಿಸಿಲ್ಲ. ನಡುನಡುವೆ ಬಂದ ಶುಭೋದಯದ ಹೂವಿನ ಚಿತ್ರಗಳನ್ನು ಮಾತ್ರ ಬಿಟ್ಟಿದ್ದೇನೆ.

ಅಕ್ಕ: (ಫೋಟೋ) ಇವತ್ತು ಬೆಳಗ್ಗೆ ಮಾಡಿದ್ದು. ಸೇಬು, ಚೆಡ್ಡಾರ್ ಚೀಸ್ ಮಫಿನ್. ಮೇಲೆ ಕೆಂಪಗೆ ಕಾಣುತ್ತಿದೆಯಲ್ಲ, ಅದು ಚೀಸ್ ಕರಗಿ ಗರಿಗರಿಯಾದದ್ದು.

ಅಕ್ಕ: ಹನ್ನೆರಡಕ್ಕೆ ಅಳತೆ. ಮೈದಾ 2 ಕಪ್, ಸಕ್ಕರೆ ಅರ್ಧ ಕಪ್, ಬೇಕಿಂಗ್ ಪೌಡರ್ 2 ಟೀ ಚಮಚ, ಅಡುಗೆ ಸೋಡಾ ಅರ್ಧ ಟೀ ಚಮಚ, ಚಿಟಿಕೆ ಉಪ್ಪು, ಗಟ್ಟಿ ಮಜ್ಜಿಗೆ ಮುಕ್ಕಾಲು ಕಪ್, ಮೊಟ್ಟೆ 2, ಕರಗಿಸಿದ ಬೆಣ್ಣೆ ಕಾಲು ಕಪ್‌ಗಿಂತ ತುಸು ಜಾಸ್ತಿ. ಸಣ್ಣಗೆ ಹೆಚ್ಚಿದ ಸೇಬು ಒಂದೂವರೆ ಕಪ್. ತುರಿದ ಚೀಸ್ 100 ಗ್ರಾಂ. 190 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರಿಂದ 22 ನಿಮಿಷ.

ಅಮ್ಮ: ತುಂಬಾ ಚೆನ್ನಾಗಿ ಕಾಣುತ್ತಿದೆ ಪುಟ್ಟಿ 👌

ದೊಡ್ಡಮ್ಮ: ಮೊಟ್ಟೆ?

ಅಕ್ಕ: ಮೊಟ್ಟೆ ಇಲ್ಲದೆಯೂ ಆಗುತ್ತದೆ ಅಮ್ಮಾ. ಮಜ್ಜಿಗೆ, ಮೊಟ್ಟೆ ಎರಡನ್ನೂ ಬಿಟ್ಟು ಒಂದು ಕಪ್ ಗಟ್ಟಿ ಮೊಸರು, ಎರಡು ಮೂರು ಚಮಚ ಹಾಲು ಹಾಕು.

ದೊಡ್ಡಪ್ಪ: ಮೊಟ್ಟೆಯ ವಿಷಯ ಆಮೇಲೆ. ಹಣ್ಣು ಮತ್ತು ಹಾಲಿನ ಪದಾರ್ಥ ಎರಡನ್ನೂ ಸೇರಿಸುವುದೇ ವಿರುದ್ಧಾಹಾರ. ಚರಕ ಸಂಹಿತೆ, ಸೂತ್ರಸ್ಥಾನ, 26ನೇ ಅಧ್ಯಾಯ. ಹುಳಿ ಹಣ್ಣುಗಳನ್ನು ಹಾಲಿನ ಜೊತೆ ತಿನ್ನಬಾರದೆಂದು ಸ್ಪಷ್ಟವಾಗಿ ಹೇಳಿದೆ. ಸಾವಿರಾರು ವರ್ಷಗಳ ಅನುಭವ ಅದು. ಮಗಳೇ, ನೋಡಲು ಚೆಂದ ಇದೆ, ಆದರೆ ಹೊಟ್ಟೆ ನಿನ್ನದು.

ತಮ್ಮ: ಬಂತು ಬಂತು 🍿

ಮಾವ: ಭಾವ, ಆ ಪಟ್ಟಿಯನ್ನು ಪೂರ್ತಿ ಓದಿ. ಅದರಲ್ಲಿ ಹಲಸಿದೆ, ತೆಂಗಿನಕಾಯಿಯೂ ಇದೆ. ಹಾಲು, ಕಾಯಿ ಎರಡೂ ಹಾಕಿದ ಪಾಯಸವನ್ನು ನಾವು ಬಿಟ್ಟಿದ್ದೇವಾ? ಪಂಚಾಮೃತಕ್ಕೆ ಹಾಲು, ಮೊಸರು ಹಾಕಿ ಮೇಲೆ ಬಾಳೆಹಣ್ಣು ಹೆಚ್ಚಿ ಹಾಕುತ್ತೀರಲ್ಲ, ಅದಕ್ಕೇನು ಹೇಳುತ್ತೀರಿ?

ದೊಡ್ಡಪ್ಪ: ಪಂಚಾಮೃತ ತೀರ್ಥ. ಒಂದು ಉದ್ಧರಣೆ. ಯಾರೂ ಲೋಟದಲ್ಲಿ ಕುಡಿಯುವುದಿಲ್ಲ.

ತಮ್ಮ: ನಾನು ಕುಡಿಯುತ್ತೇನೆ.

ಮಾವ: ಇರಲಿ. ಮುಖ್ಯ ವಿಷಯಕ್ಕೆ ಬರೋಣ. ಹಾಲಿಗೆ ಹುಳಿ ಬಿದ್ದರೆ ಒಡೆಯುತ್ತದೆ. ಆ ಭಯ ಸರಿಯೇ. ಆದರೆ ಚೀಸ್ ಅಂದರೆ ಆಗಲೇ ಒಡೆಸಿದ ಹಾಲು. ಒಡೆಸಿ, ನೀರು ಬಸಿದು, ಉಪ್ಪು ಹಾಕಿ, ಒತ್ತಿ, ತಿಂಗಳುಗಟ್ಟಲೆ ಇಟ್ಟದ್ದು. ಒಡೆದದ್ದನ್ನು ಇನ್ನೆಷ್ಟು ಒಡೆಯೋದು? ಹಾಲಿನಲ್ಲಿರುವ ಲ್ಯಾಕ್ಟೋಸ್ ಸಕ್ಕರೆ ಬಸಿದ ನೀರಿನಲ್ಲೇ ಬಹುಪಾಲು ಹೋಗುತ್ತದೆ. ಉಳಿದದ್ದನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ. ಹಾಲು ಕುಡಿದರೆ ಹೊಟ್ಟೆ ಉಬ್ಬುವ ಎಷ್ಟೋ ಜನರಿಗೆ ಹಳೆಯ ಚೆಡ್ಡಾರ್ ಒಗ್ಗುವುದು ಅದಕ್ಕೇ.

ಅಕ್ಕ: ಅಪ್ಪಾ, ಇಲ್ಲಿ ಸೇಬಿಗೂ ಚೆಡ್ಡಾರ್‌ಗೂ ಹಳೇ ನಂಟು. 1999ರಲ್ಲಿ ವರ್ಮಾಂಟ್‌ನವರು ಆ್ಯಪಲ್ ಪೈಯನ್ನು ರಾಜ್ಯದ ಪೈ ಎಂದು ಕಾನೂನು ಮಾಡಿದರು. ಬಡಿಸುವಾಗ ತಣ್ಣನೆಯ ಹಾಲು, ಇಲ್ಲವೇ ಕನಿಷ್ಠ ಅರ್ಧ ಔನ್ಸ್ ಚೆಡ್ಡಾರ್, ಇಲ್ಲವೇ ವೆನಿಲಾ ಐಸ್‌ಕ್ರೀಮ್ ಕೊಡಲು ಮನಸಾರೆ ಪ್ರಯತ್ನಿಸಬೇಕು ಅಂತ ಅದರಲ್ಲೇ ಬರೆದಿದೆ. ಅರ್ಧ ಔನ್ಸ್ ಅಂದರೆ ಸುಮಾರು 14 ಗ್ರಾಂ.

ದೊಡ್ಡಪ್ಪ: ಶಾಸನಸಭೆಯಲ್ಲಿ ಬೇರೆ ಕೆಲಸ ಇರಲಿಲ್ಲವೇ?

ನಾನು: ದೊಡ್ಡಪ್ಪ, ಇದಕ್ಕೆ ಮಾತ್ರ ನನ್ನದು ಪೂರ್ತಿ ಬೆಂಬಲ 😄

ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಆದರೆ ದೊಡ್ಡಮ್ಮ ಸುಮ್ಮನಿದ್ದರೆ ಏನೋ ಓದುತ್ತಿದ್ದಾರೆ ಎಂದೇ ಅರ್ಥ. ಅರ್ಧ ಗಂಟೆ ಬಿಟ್ಟು ಬಂದರು, ಅದೂ ಗಟ್ಟಿ ಪ್ರಶ್ನೆ ಹಿಡಿದುಕೊಂಡು.

ದೊಡ್ಡಮ್ಮ: ಚೀಸ್ ಮಾಡಲು ಕರುವಿನ ಹೊಟ್ಟೆಯದು ಏನೋ ಹಾಕುತ್ತಾರಂತಲ್ಲ, ಹೌದೇನು ಅಣ್ಣ?

ಮಾವ: ಹೌದು. ರೆನೆಟ್ ಅಂತ. ಹಾಲುಕುಡಿಯುವ ಕರುವಿನ ಹೊಟ್ಟೆಯೊಳಗಿನ ಪದರದಿಂದ ತೆಗೆಯುವುದು. ಅದರಲ್ಲಿರುವ ಕೈಮೋಸಿನ್ ಎಂಬ ಕಿಣ್ವ ಹಾಲನ್ನು ಗಟ್ಟಿ ಮಾಡುತ್ತದೆ. ಹಿಂದೆ ಇದೇ ಮುಖ್ಯ ದಾರಿ. ಈಗ ಶಿಲೀಂಧ್ರದಿಂದ ಬರುವ ರೆನೆಟ್ ಇದೆ. ಸೂಕ್ಷ್ಮಜೀವಿಗಳಿಂದಲೇ ಕೈಮೋಸಿನ್ ತಯಾರಿಸುವ ವಿಧಾನವೂ ಇದೆ. ಅದಕ್ಕೆ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1990ರಲ್ಲಿ ಒಪ್ಪಿಗೆ ಕೊಟ್ಟಿತು.

ದೊಡ್ಡಪ್ಪ: ನೋಡಿದಿರಾ.

ಅಮ್ಮ: ನಮ್ಮಲ್ಲಿ ಸಿಗುವ ಅಮುಲ್ ಚೀಸ್ ಮೇಲೆ ಹಸಿರು ಚುಕ್ಕಿ ಇದೆ ಭಾವ. ಈಗಷ್ಟೇ ಫ್ರಿಜ್ ತೆಗೆದು ನೋಡಿ ಬಂದೆ.

ಅಕ್ಕ: ಇಲ್ಲಿ ಆ ಚುಕ್ಕಿ ಇಲ್ಲ. ಎಷ್ಟೋ ಪೊಟ್ಟಣಗಳ ಮೇಲೆ ಬರೀ 'ಎನ್‌ಜೈಮ್ಸ್', ಅಂದರೆ ಕಿಣ್ವಗಳು ಅಂತಿರುತ್ತದೆ. ಯಾವುದರಿಂದ ಬಂದದ್ದು ಅಂತ ಗೊತ್ತಾಗುವುದಿಲ್ಲ. 'ವೆಜಿಟೇರಿಯನ್' ಅಥವಾ 'ಮೈಕ್ರೋಬಿಯಲ್' ಅಂತ ಬರೆದದ್ದನ್ನೇ ನಾನು ಹುಡುಕಿ ತರುತ್ತೇನೆ. ಫೋಟೋದಲ್ಲಿರುವುದು ಅದೇ.

ದೊಡ್ಡಮ್ಮ: ಸರಿ ಹಾಗಾದರೆ. ನನ್ನ ತಕರಾರಿಲ್ಲ.

ನನ್ನನ್ನು ಕೇಳಿದರೆ, ಇಡೀ ಚರ್ಚೆಯಲ್ಲಿ ಅಂಗಡಿಗೆ ಹೋಗುವಾಗ ಉಪಯೋಗಕ್ಕೆ ಬರುವ ಪ್ರಶ್ನೆ ಇದೊಂದೇ. ಸಸ್ಯಾಹಾರಿಗಳ ಮನೆಯಲ್ಲಿ ಮೊಟ್ಟೆ ಎಲ್ಲರ ಕಣ್ಣಿಗೂ ಬೀಳುತ್ತದೆ. ರೆನೆಟ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಅಷ್ಟರಲ್ಲಿ ಚಿಕ್ಕಮ್ಮ ಮಾತಿಲ್ಲದೆ ಕೆಲಸ ಶುರು ಮಾಡಿದ್ದರು. ಅವರ ಮನೆಯಲ್ಲಿ ಓವನ್ ಇಲ್ಲ.

ಚಿಕ್ಕಮ್ಮ: (ಫೋಟೋ) ಆಯ್ತು ನಂದು. ಕುಕ್ಕರ್ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್, ವೆಯ್ಟ್ ತೆಗೆದು, ಸ್ಟೀಲ್ ಬಟ್ಟಲಲ್ಲಿ ಇಟ್ಟೆ. ಸೇಬು ದುಬಾರಿ, ಅನಾನಸ್ ಹಾಕಿದೆ. ಮೊಸರು, ಅಮುಲ್ ಚೀಸ್, ಅನಾನಸ್ ಎಲ್ಲ ಮಿಕ್ಸಿಯಲ್ಲಿ ಚೆನ್ನಾಗಿ ರುಬ್ಬಿ, ಅದಕ್ಕೆ ಮೈದಾ ಹಾಕಿ ಇನ್ನೊಂದು ಸುತ್ತು ತಿರುಗಿಸಿದೆ.

ಚಿಕ್ಕಮ್ಮ: ಯಾಕೋ ರಬ್ಬರ್ ಹಾಗಿದೆ. ಸ್ವಲ್ಪ ಕಹಿ ಕೂಡ. ಕಡ್ಡಿ ಚುಚ್ಚಿದರೆ ಅಂಟುತ್ತಲೇ ಇತ್ತು, ಅದಕ್ಕೆ ಮುಕ್ಕಾಲು ಗಂಟೆ ಬಿಟ್ಟೆ. ತಳ ಕಪ್ಪಾಯಿತು.

ದೊಡ್ಡಪ್ಪ: ಕಹಿ! ಅದೇ ವಿರುದ್ಧಾಹಾರ. ಬಾಯಿಗೇ ಗೊತ್ತಾಯಿತಲ್ಲ. ಇನ್ನೇನು ಪುರಾವೆ ಬೇಕು?

ಮಾವ: ತಂಗೀ, ಒಂದನ್ನು ಮಧ್ಯಕ್ಕೆ ಕೊಯ್ದು ಫೋಟೋ ಹಾಕು.

ಚಿಕ್ಕಮ್ಮ: (ಫೋಟೋ)

ಈ ಫೋಟೋ ನೋಡಲೇಬೇಕಿತ್ತು. ಒಳಗೆ ತಳದಿಂದ ತುದಿಯವರೆಗೆ ಉದ್ದುದ್ದ ತೂತುಗಳು, ಗೆದ್ದಲು ಕೊರೆದ ಹಾಗೆ. ಗೋಡೆಗಳು ನುಣ್ಣಗೆ, ಹೊಳೆಯುತ್ತಿದ್ದವು. ಮೇಲ್ಭಾಗ ಉಬ್ಬುವ ಬದಲು ಗೋಪುರದ ಹಾಗೆ ಚೂಪಾಗಿತ್ತು.

ಮಾವ: ಸಿಕ್ಕಿತು. ಮೈದಾ ಹಾಕಿದ ಮೇಲೆ ಮಿಕ್ಸಿ ತಿರುಗಿಸಿದ್ದಕ್ಕೆ ಆ ಸುರಂಗಗಳು. ಮೈದಾಕ್ಕೆ ನೀರು ಸೇರಿ ತಿಕ್ಕಿದಷ್ಟೂ ಅದರ ಗ್ಲುಟೆನ್ ಎಂಬ ಅಂಟಿನ ಪ್ರೋಟೀನ್ ಬಿಗಿಯಾಗುತ್ತದೆ. ಚಪಾತಿಗೆ, ಬ್ರೆಡ್ಡಿಗೆ ಅದು ಬೇಕು. ಮಫಿನ್‌ಗೆ ಬೇಡ. ಬಿಗಿ ಹಿಟ್ಟಿನಲ್ಲಿ ಗಾಳಿ ಮೇಲೇಳಲು ದಾರಿ ಕೊರೆಯುತ್ತದೆ. ಒಣ ಪದಾರ್ಥ ಒಂದು ಪಾತ್ರೆ, ಹಸಿ ಪದಾರ್ಥ ಇನ್ನೊಂದು ಪಾತ್ರೆ. ಕೊನೆಗೆ ಎರಡನ್ನೂ ಸೇರಿಸಿ ಸೌಟಿನಲ್ಲಿ ಹತ್ತಾರು ಸಲ ಮಗುಚಿದರೆ ಸಾಕು. ಅಲ್ಲಲ್ಲಿ ಗಂಟು ಉಳಿದರೂ ಪರವಾಗಿಲ್ಲ.

ಮಾವ: ಕಹಿಗೆ ಕಾರಣ ಬೇರೆ. ಹಸಿ ಅನಾನಸ್‌ನಲ್ಲಿ ಬ್ರೊಮೆಲೈನ್ ಎಂಬ ಕಿಣ್ವ ಇದೆ. ಅದು ಪ್ರೋಟೀನನ್ನು ಕತ್ತರಿಸುತ್ತದೆ. ಹಾಲಿನ ಪ್ರೋಟೀನ್ ತುಂಡಾದರೆ ಕಹಿ. ಹಸಿ ಅನಾನಸ್ ಹಾಕಿದ ಮೊಸರು ಸ್ವಲ್ಪ ಹೊತ್ತು ಇಟ್ಟರೆ ಕಹಿಯಾಗುವುದು ಯಾರಿಗೆ ಗೊತ್ತಿಲ್ಲ? ರುಬ್ಬಿದ ಮೇಲೆ ಎಷ್ಟು ಹೊತ್ತು ಇಟ್ಟಿದ್ದೆ?

ಚಿಕ್ಕಮ್ಮ: ಕರೆಂಟ್ ಹೋಯ್ತು ಅಣ್ಣ. ಮಳೆ. ಮೈದಾ ಹಾಕೋಕೆ ಮುಂಚೆ ಒಂದು ಗಂಟೆ ಹಾಗೇ ಇತ್ತು.

ಮಾವ: ಅಷ್ಟು ಸಾಕು. ಅನಾನಸ್ಸನ್ನು ಮೊದಲು ಸಕ್ಕರೆ ಹಾಕಿ ಬಾಣಲೆಯಲ್ಲಿ ನೀರು ಆರುವ ತನಕ ಬೇಯಿಸು. ಬಿಸಿಗೆ ಕಿಣ್ವ ಸಾಯುತ್ತದೆ. ತಣ್ಣಗಾದ ಮೇಲೆ ಬೆರೆಸು.

ದೊಡ್ಡಪ್ಪ: ಅಂದರೆ ಹಸಿ ಹಣ್ಣು, ಹಾಲಿನ ಪದಾರ್ಥ ಸೇರಿದರೆ ಕೆಡುತ್ತದೆ ಅಂತ ನೀವೇ ಒಪ್ಪಿದಿರಿ ಭಾವ.

ಮಾವ: ಅನಾನಸ್ ಮಟ್ಟಿಗೆ ಒಪ್ಪಿದೆ. ಸೇಬಿನಲ್ಲಿ ಆ ತೊಂದರೆ ಇಲ್ಲ.

ದೊಡ್ಡಪ್ಪ: ಒಪ್ಪಿದಿರಿ. ಸಾಕು.

ಅಕ್ಕ: ಚಿಕ್ಕಮ್ಮ, ಕಡ್ಡಿ ಅಂಟಿದ್ದು ಹಸಿ ಹಿಟ್ಟಲ್ಲ, ಕರಗಿದ ಚೀಸ್. ಚೀಸ್ ಹಾಕಿದಾಗ ಕಡ್ಡಿಯನ್ನು ನಂಬಬೇಡಿ. ಎರಡು ಮೂರು ಕಡೆ ಚುಚ್ಚಿ, ಮೇಲೆ ಬೆರಳಿಂದ ಒತ್ತಿ ನೋಡಿ. ಗುಳಿ ಬೀಳದೆ ಮೇಲೆ ಬಂದರೆ ಆಯ್ತು. ಆಮೇಲೆ ಅಮುಲ್‌ದು ಸಂಸ್ಕರಿಸಿದ ಚೀಸ್, ಅದರಲ್ಲೇ ಸಾಕಷ್ಟು ಉಪ್ಪಿದೆ. ಬೇರೆ ಉಪ್ಪು ಬೇಡವೇ ಬೇಡ. ಅರ್ಧ ತುರಿದು ಹಿಟ್ಟಿಗೆ, ಅರ್ಧ ಸಣ್ಣ ಚೌಕವಾಗಿ ಹೆಚ್ಚಿ ಕೊನೆಗೆ. ಆಗ ಕಚ್ಚಿದಾಗ ಅಲ್ಲಲ್ಲಿ ಸಿಗುತ್ತದೆ.

ಮಾವ: ಕುಕ್ಕರನ್ನು ಒಣಗೇ ಕಾಯಿಸಬೇಡ. ಹಾಳಾಗುತ್ತದೆ. ಹಳೇ ದಪ್ಪ ತಳದ ಪಾತ್ರೆ, ಮೇಲೊಂದು ಭಾರದ ಮುಚ್ಚಳ ಸಾಕು.

ಚಿಕ್ಕಮ್ಮ: ಅಮ್ಮ ಏನೋ ಹೇಳಬೇಕಂತೆ. ತಾಳಿ.

ಚಿಕ್ಕಮ್ಮ: (ಧ್ವನಿ ಸಂದೇಶ, ಅಜ್ಜಿಯದು) "ಅಲ್ರೋ, ದನ ಕರು ಹಾಕಿದಾಗ ಗಿಣ್ಣು ಮಾಡ್ತಿದ್ವಲ್ಲ, ಬೆಲ್ಲ ಏಲಕ್ಕಿ ಹಾಕಿ. ಹಾಲು ಒಡೆದರೆ ಸಕ್ಕರೆ ಹಾಕಿ ಕಾಯಿಸಿ ನಿಮಗೇ ಕೊಡ್ತಿದ್ದೆ, ತಟ್ಟೆ ನೆಕ್ಕಿ ತಿಂತಿದ್ರಿ. ಈಗೇನು ಇಷ್ಟು ಮಾತು? ಆದರೆ ಇದಕ್ಕೆ ಬೆಲ್ಲ ಹಾಕಬೇಕಿತ್ತು. ಸಕ್ಕರೆ ಹಾಕಿ ಕೆಡಿಸಿದಾಳೆ."

ತಮ್ಮ: ಅಜ್ಜಿ ತೀರ್ಪು ಕೊಟ್ಟರು 🔨

ಅಮ್ಮ: ಭಾವ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಭಾನುವಾರ ಬೆಳಗ್ಗೆ ಹೋಟೆಲ್ಲಿಂದ ಬನ್ಸ್ ತರಿಸ್ತೀರಿ ಅಲ್ವಾ? ಕಳಿತ ಬಾಳೆಹಣ್ಣು, ಮೊಸರು, ಮೈದಾ, ಸೋಡಾ, ಸಕ್ಕರೆ, ಜೀರಿಗೆ. ರಾತ್ರಿ ಇಡೀ ನೆನೆಸಿಟ್ಟು ಎಣ್ಣೆಯಲ್ಲಿ ಕರಿಯೋದು. ಹಣ್ಣು, ಮೊಸರು ಎರಡೂ ಅದರಲ್ಲೇ ಇವೆ.

ದೊಡ್ಡಮ್ಮ: 😂😂 ಎರಡಲ್ಲ, ನಾಲ್ಕು ತಿಂತಾರೆ.

ದೊಡ್ಡಪ್ಪ ಇಡೀ ಸಂಜೆ ಬರಲಿಲ್ಲ. ನೀಲಿ ಗುರುತು ಮಾತ್ರ ಬಂತು. ಮಾವ ಆ ಹೊತ್ತಿನಲ್ಲಿ ಸೋಡಾ ಮತ್ತು ಬೇಕಿಂಗ್ ಪೌಡರಿನ ವ್ಯತ್ಯಾಸದ ಬಗ್ಗೆ ಉದ್ದದ ಪಾಠ ಹಾಕಿದರು. ಸಾರ ಇಷ್ಟೇ: ಸೋಡಾಕ್ಕೆ ಮೊಸರಿನಂಥ ಹುಳಿ ಬೇಕು, ಪೌಡರಿನಲ್ಲಿ ಹುಳಿ ಒಳಗೇ ಇರುತ್ತದೆ. ಸೋಡಾ ಜಾಸ್ತಿಯಾದರೆ ಸಾಬೂನಿನ ರುಚಿ. ಯಾರೂ ಉತ್ತರಿಸಲಿಲ್ಲ. ತಮ್ಮ ಹೆಬ್ಬೆಟ್ಟು ಒತ್ತಿದ. ಮರುದಿನ ಬೆಳಗ್ಗೆ ದೊಡ್ಡಪ್ಪ ಬಂದರು.

ದೊಡ್ಡಪ್ಪ: ಬನ್ಸ್ ವಿಷಯ ಯೋಚಿಸಿದೆ. ಚರಕರು ಹೇಳಿದ್ದು ಹಾಲಿಗೆ, ಅದರಲ್ಲಿ ಇರುವುದು ಮೊಸರು. ಹಾಗಾಗಿ ದೋಷವಿಲ್ಲ.

ಮಾವ: ಹಾಗಾದರೆ ಚೀಸಿಗೂ ದೋಷವಿಲ್ಲ ಭಾವ. ಅದೂ ಹಾಲಲ್ಲ.

ದೊಡ್ಡಪ್ಪ: ಅದು ಮೊಸರೂ ಅಲ್ಲ.

ಚಿಕ್ಕಮ್ಮ: ಭಾವ, ಇದಕ್ಕೆ ನೀವೇ ಉತ್ತರ ಹೇಳಬೇಕು. ಇನ್ನೇನು ಚಾತುರ್ಮಾಸ್ಯ ಬರುತ್ತದೆ, ನಾಲ್ಕು ತಿಂಗಳು, ತಿಂಗಳಿಗೊಂದು ವ್ರತ. ಶಾಕವ್ರತದಲ್ಲಿ ತರಕಾರಿ, ಬಹುತೇಕ ಹಣ್ಣು ಇಲ್ಲ, ಸೇಬು ಹೋಯಿತು. ಆಮೇಲೆ ದಧಿವ್ರತ, ಮೊಸರಿಲ್ಲ. ಆಮೇಲೆ ಕ್ಷೀರವ್ರತ, ಹಾಲಿಲ್ಲ. ಚೀಸ್ ಯಾವ ತಿಂಗಳು ಬಿಡಬೇಕು?

ಈ ಪ್ರಶ್ನೆಗೆ ಗುಂಪು ಒಂದು ನಿಮಿಷ ತೆಪ್ಪಗಾಯಿತು. ಇಷ್ಟು ಹೊತ್ತು ಎಲ್ಲರೂ ದೊಡ್ಡಪ್ಪನ ಮೇಲೆ ಬಿದ್ದಿದ್ದರು. ಈಗ ಅವರ ಅಂಗಳಕ್ಕೇ ಚೆಂಡು ಬಂದಿತ್ತು. ಅವರಿಗೆ ಖುಷಿಯಾಯಿತು ಅಂತ ಬರೆದ ಉದ್ದದಲ್ಲೇ ಗೊತ್ತಾಯಿತು.

ದೊಡ್ಡಪ್ಪ: ಒಳ್ಳೆಯ ಪ್ರಶ್ನೆ. ಮೊಸರಾಗಲು ಹೆಪ್ಪು ಬೇಕು. ಚೀಸಿಗೂ ಬ್ಯಾಕ್ಟೀರಿಯಾ ಹಾಕುತ್ತಾರೆ ಎಂದು ಭಾವ ಹೇಳಿದರು. ಆ ಲೆಕ್ಕದಲ್ಲಿ ದಧಿ. ಆದರೆ ಹಾಲನ್ನು ಗಟ್ಟಿ ಮಾಡುವುದು ಹೆಪ್ಪಲ್ಲ, ಕಿಣ್ವ. ಆ ಲೆಕ್ಕದಲ್ಲಿ ಹಾಲಿನ ವಿಕಾರ, ಅಂದರೆ ಕ್ಷೀರ. ನನ್ನ ಮಟ್ಟಿಗೆ ಎರಡೂ ತಿಂಗಳು ಬಿಡುವುದು ಕ್ಷೇಮ. ಆದರೂ ಮಠದಲ್ಲಿ ವಿಚಾರಿಸಿ ಹೇಳುತ್ತೇನೆ. ಅಲ್ಲಿಯವರೆಗೆ ಯಾರೂ ತೀರ್ಮಾನ ಮಾಡಬೇಡಿ.

ತಮ್ಮ: ಮಠದಲ್ಲಿ ಹೋಗಿ 'ಮಫಿನ್' ಅಂತ ಕೇಳ್ತೀರಾ ದೊಡ್ಡಪ್ಪ?

ದೊಡ್ಡಪ್ಪ: ಚೀಸ್ ಎಂದು ಕೇಳುತ್ತೇನೆ. ಮಫಿನ್‌ಗೆ ಬೇಕರಿಗೆ ಹೋಗಬೇಕು.

ಅಕ್ಕ: ಅಪ್ಪಾ, ನಾನು ಬರುವುದು ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಉತ್ಥಾನ ದ್ವಾದಶಿ ಕಳೆದು ವ್ರತ ಎಲ್ಲ ಮುಗಿದಿರುತ್ತದೆ. ಒಂದು ಕಟ್ಟು ಚೆಡ್ಡಾರ್ ತರಲಾ?

ದೊಡ್ಡಮ್ಮ: ಚೀಸ್ ಬೇಡ, ಇಲ್ಲೇ ಸಿಗುತ್ತೆ. ಆ ಹನ್ನೆರಡು ಗುಳಿಯ ತಟ್ಟೆ ತಾ. ಎರಡು ತಾ, ಒಂದು ಸಾಗರಕ್ಕೆ.

ಚಿಕ್ಕಮ್ಮ: ಓವನ್ ಇಲ್ಲದೆ ತಟ್ಟೆ ಇಟ್ಟುಕೊಂಡು ಏನು ಮಾಡಲಿ ಅಕ್ಕ? ನನ್ನ ಯಾವ ಪಾತ್ರೆಗೂ ಅದು ಹಿಡಿಸೋದಿಲ್ಲ. ಕಾಗದದ ಕಪ್ ತರಲಿ ಸಾಕು, ಬಟ್ಟಲಿಗೆ ಹಾಕ್ತೀನಿ.

ದೊಡ್ಡಪ್ಪ: ಬೆಲ್ಲ ಹಾಕಿದರೆ ಅಳತೆ ಎಷ್ಟು? ಅತ್ತೆ ಹೇಳಿದ್ದಕ್ಕೆ ಕೇಳಿದೆ, ಅಷ್ಟೇ.

ಅಕ್ಕ: ಪುಡಿ ಬೆಲ್ಲ ಅರ್ಧ ಕಪ್ಪೇ ಇರಲಿ ಅಪ್ಪಾ. ಗಂಟಿಲ್ಲದ ಹಾಗೆ ಜರಡಿ ಹಿಡಿದು ಹಾಕಿ. ಬಣ್ಣ ಕಪ್ಪಾಗುತ್ತದೆ, ಹೆದರಬೇಡಿ.